ಒಂದೇ ರೂಟರ್, ಮೂರು ಫರ್ಮ್‌ವೇರ್: ವೈಫೈ ನಿಧಾನವಾದಾಗ ನಾನು ಮಾಡಿದ ಹೋಲಿಕೆ

ಫೈಬರ್ ಸಂಪರ್ಕವನ್ನು 50 ಎಂಬಿಪಿಎಸ್‌ನಿಂದ 200ಕ್ಕೆ ಏರಿಸಿಕೊಂಡ ಮೇಲೂ ನಮ್ಮ ಮಹಡಿಯ ಕೋಣೆಯಲ್ಲಿ ವೈಫೈ ವೇಗ 45ನ್ನು ದಾಟುತ್ತಿರಲಿಲ್ಲ. ರೂಟರಿನೊಳಗಿದ್ದ ತಯಾರಕರ ಫರ್ಮ್‌ವೇರ್ (ರೂಟರನ್ನು ನಡೆಸುವ ತಂತ್ರಾಂಶ) ತೆಗೆದು ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಫರ್ಮ್‌ವೇರ್ ಹಾಕಿ ಎರಡು ವರ್ಷವಾಗಿದ್ದುದರಿಂದ ಅನುಮಾನ ಮೊದಲು ಅದರ ಮೇಲೆಯೇ ಹೋಯಿತು. ಊಹೆಯಲ್ಲಿ ಕಾಲ ಕಳೆಯುವ ಬದಲು, ಅದೇ ರೂಟರಿಗೆ ತಯಾರಕರ ಮೂಲ ಫರ್ಮ್‌ವೇರ್, ಅಂಥದೇ ಇನ್ನೊಂದು ಉಚಿತ ಫರ್ಮ್‌ವೇರ್ ಆದ ಡಿಡಿ-ಡಬ್ಲ್ಯುಆರ್‌ಟಿ ಮತ್ತು ಓಪನ್‌ಡಬ್ಲ್ಯುಆರ್‌ಟಿ ಮೂರನ್ನೂ ಒಂದೊಂದು ವಾರ ಹಾಕಿ ಅಳೆದು ನೋಡಲು ನಿರ್ಧರಿಸಿದೆ.

ರೂಟರ್ ಹಳೆಯದು. ಅದರಲ್ಲಿರುವುದು ಕ್ವಾಲ್ಕಾಮ್‌ನ ಕ್ಯೂಸಿಎ9558 ಚಿಪ್, 720 ಮೆಗಾಹರ್ಟ್ಸ್‌ನ ಒಂದೇ ಕೋರ್, 128 ಎಂಬಿ ರಾಮ್. ಡಬ್ಬಿಯ ಮೇಲೆ ಎಸಿ1750 ಎಂದು ಬರೆದಿದ್ದರೂ ಅದು 2.4 ಗಿಗಾಹರ್ಟ್ಸ್‌ನ 450 ಮತ್ತು 5 ಗಿಗಾಹರ್ಟ್ಸ್‌ನ 1300ನ್ನು ಕೂಡಿಸಿ ಬರೆದ ಸಂಖ್ಯೆ. ಯಾವ ಸಾಧನಕ್ಕೂ ಅಷ್ಟು ಒಟ್ಟಿಗೆ ಸಿಗುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಎರಡೇ ಆಂಟೆನಾಗಳಿರುವುದರಿಂದ 80 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಅದು ತೋರಿಸುವ ಗರಿಷ್ಠ ಲಿಂಕ್ ವೇಗ 866, ಮತ್ತು ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇಷ್ಟು ಗೊತ್ತಿಲ್ಲದೆ ಅಳೆಯಲು ಹೊರಟರೆ ಯಾವ ಫರ್ಮ್‌ವೇರ್ ಆದರೂ ನಿಧಾನವೆಂದೇ ಕಾಣುತ್ತದೆ.

ಅಳತೆಯನ್ನು ಎರಡಾಗಿ ವಿಂಗಡಿಸಿಕೊಂಡೆ. ಕೇಬಲ್ ಮೂಲಕ ರೂಟರಿಗೆ ಜೋಡಿಸಿದ ಡೆಸ್ಕ್‌ಟಾಪಿನಲ್ಲಿ ಐಪರ್ಫ್3 ಎಂಬ ವೇಗ ಅಳೆಯುವ ಸಾಧನ ನಡೆಸಿ, ವೈಫೈನಲ್ಲಿದ್ದ ಲ್ಯಾಪ್‌ಟಾಪಿಗೆ ದತ್ತಾಂಶ ಕಳಿಸಿದರೆ ರೇಡಿಯೊದ ಶಕ್ತಿ ತಿಳಿಯುತ್ತದೆ. ಇಂಟರ್‌ನೆಟ್ ವೇಗವನ್ನು ಕೇಬಲ್‌ನಲ್ಲೊಮ್ಮೆ, ವೈಫೈನಲ್ಲೊಮ್ಮೆ ಅಳೆದರೆ ರೂಟರಿನ ಪ್ರೊಸೆಸರ್ ಎಷ್ಟು ತಾಳುತ್ತದೆ ಎಂಬುದು ತಿಳಿಯುತ್ತದೆ. ಐಪರ್ಫ್3ನ್ನು ರೂಟರಿನ ಒಳಗೇ ನಡೆಸಬಾರದು, ಏಕೆಂದರೆ ಆಗ ದತ್ತಾಂಶ ಹುಟ್ಟಿಸುವ ಹೊರೆಯೂ ಅದೇ ಬಡ ಪ್ರೊಸೆಸರಿನ ಮೇಲೆ ಬಿದ್ದು ಅಂಕಿ ತಪ್ಪಾಗುತ್ತದೆ.

ಈ ವಿಂಗಡಣೆಯ ಪ್ರಯೋಜನ ಮೊದಲ ಸಂಜೆಯೇ ಕಂಡಿತು. ಓಪನ್‌ಡಬ್ಲ್ಯುಆರ್‌ಟಿ ಇದ್ದ ಸ್ಥಿತಿಯಲ್ಲೇ ಅಳೆದಾಗ ಕೇಬಲ್‌ನಲ್ಲೂ 45 ಎಂಬಿಪಿಎಸ್ ಮಾತ್ರ ಬಂತು. ಅಂದರೆ ತಿಂಗಳಿಡೀ ನಾವು ದೂರುತ್ತಿದ್ದ ವೈಫೈ ಆ 45ಕ್ಕೆ ಕಾರಣವೇ ಆಗಿರಲಿಲ್ಲ. ಸಂಪರ್ಕ ತುಂಬಿದಾಗಲೂ ತಡವಾಗದಂತೆ ವೇಗಕ್ಕೆ ಮಿತಿ ಹಾಕುವ ಎಸ್‌ಕ್ಯೂಎಂ ಪುಟ ತೆರೆದರೆ ಡೌನ್‌ಲೋಡ್ ಎಂಬಲ್ಲಿ 45000 (ಕೆಬಿಪಿಎಸ್, ಅಂದರೆ 45 ಎಂಬಿಪಿಎಸ್) ಎಂದು ಹಳೆಯ ಪ್ಲಾನಿನ ಕಾಲದಲ್ಲಿ ನಾನೇ ತುಂಬಿದ್ದ ಮಿತಿ ಹಾಗೆಯೇ ಉಳಿದಿತ್ತು. ಅದನ್ನು ತೆಗೆದ ಮೇಲೆಯೇ ನಿಜವಾದ ಹೋಲಿಕೆ ಆರಂಭವಾಯಿತು.

ಮೂಲ ಫರ್ಮ್‌ವೇರ್ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತೆಂದರೆ, ವೇಗವೊಂದನ್ನೇ ನೋಡಿದರೆ ಅದೇ ಮುಂದು. ಕೆಳಗಿನ ಹಜಾರದಲ್ಲಿ ಐಪರ್ಫ್3 ಸುಮಾರು 480 ತೋರಿಸಿತು, ಇಂಟರ್‌ನೆಟ್ 200 ಪೂರ್ತಿ ಬಂತು, ಪ್ರೊಸೆಸರ್ ಬಳಲಲಿಲ್ಲ. ಆದರೆ ಅದಕ್ಕೆ ಹೊಸ ಅಪ್‌ಡೇಟ್ ಬಂದು ವರ್ಷಗಳೇ ಆಗಿವೆ. ಜೊತೆಗೆ, ಯಾರಾದರೂ ಫೋಟೊಗಳನ್ನು ಅಪ್‌ಲೋಡ್ ಮಾಡತೊಡಗಿದ ಕೂಡಲೇ 8 ಮಿಲಿಸೆಕೆಂಡ್ ಇದ್ದ ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ) 140ಕ್ಕೆ ಏರಿ ವಿಡಿಯೊ ಕರೆ ತಡವರಿಸುತ್ತಿತ್ತು.

ಡಿಡಿ-ಡಬ್ಲ್ಯುಆರ್‌ಟಿಯಲ್ಲಿ ಹಜಾರದ ಅಂಕಿ ಮೊದಲು ಬಹಳ ಕಡಿಮೆ ಬಂತು. ಕಾರಣ ಫರ್ಮ್‌ವೇರ್ ಅಲ್ಲ, ಚಾನೆಲ್ ಅಗಲ 20 ಮೆಗಾಹರ್ಟ್ಸ್‌ನಲ್ಲೇ ಇತ್ತು; 80 ಮೆಗಾಹರ್ಟ್ಸ್ ಅಗಲದ ವಿಎಚ್‌ಟಿ80 ಆರಿಸಿದ ಮೇಲೆ 450 ದಾಟಿತು. 2.4 ಗಿಗಾಹರ್ಟ್ಸ್‌ನಲ್ಲಿ ಲಿಂಕ್ ವೇಗ 54ಕ್ಕೇ ಕಟ್ಟಿಬಿದ್ದದ್ದು ಇನ್ನೊಂದು ಸಮಸ್ಯೆ. ಹಳೆಯ ಪ್ರಿಂಟರಿಗೆಂದು ಭದ್ರತಾ ಪುಟದಲ್ಲಿ ಟಿಕೆಐಪಿ ಎಂಬ ಹಳೆಯ ಗೂಢಲಿಪಿ ವಿಧಾನವೊಂದನ್ನೇ ಗುರುತು ಮಾಡಿದ್ದೆ, 802.11ಎನ್ ಎಂಬ ವೈಫೈ ನಿಯಮದ ಪ್ರಕಾರ ಟಿಕೆಐಪಿಯೊಂದಿಗೆ ಹೆಚ್ಚಿನ ವೇಗಕ್ಕೆ ಅವಕಾಶವಿಲ್ಲ. ಅದಕ್ಕಿಂತ ಹೊಸ ವಿಧಾನವಾದ ಎಇಎಸ್‌ಗೆ ಬದಲಿಸಿದೆ, ಪ್ರಿಂಟರನ್ನು ಕೇಬಲ್‌ಗೆ ಹಾಕಿದೆ. ದತ್ತಾಂಶಕ್ಕೆ ಆದ್ಯತೆ ಹಂಚುವ ಡಬ್ಲ್ಯುಎಂಎಂ ಆಯ್ಕೆಯನ್ನು ಆಫ್ ಮಾಡಿಟ್ಟರೂ ಇದೇ ಗತಿಯಾಗುತ್ತದೆ. ದತ್ತಾಂಶವನ್ನು ಒಳದಾರಿಯಲ್ಲಿ ಬೇಗ ದಾಟಿಸುವ ಎಸ್‌ಎಫ್‌ಇ ಎಂಬ ಆಯ್ಕೆ ಚಾಲೂ ಮಾಡಿದಾಗ ಇಂಟರ್‌ನೆಟ್ ವೇಗ 190ರ ಮೇಲೆ ನಿಂತಿತು. ಎಲ್ಲವೂ ಒಂದೇ ಪುಟಗಳ ಸಾಲಿನಲ್ಲಿ ಸಿಗುವುದು ಇದರ ಅನುಕೂಲ. ಆದರೆ ಬೀಟಾ ಎಂದೇ ಹೊರಬರುವ ಬಿಲ್ಡ್‌ಗಳ (ಆವೃತ್ತಿಗಳ) ಪೈಕಿ ನಮ್ಮ ರೂಟರಿಗೆ ಯಾವುದು ಒಳ್ಳೆಯದೆಂದು ಹುಡುಕುವ ಕೆಲಸ ನನಗೆ ಹಿಡಿಸಲಿಲ್ಲ.

ಓಪನ್‌ಡಬ್ಲ್ಯುಆರ್‌ಟಿಗೆ ಹೆಚ್ಚು ದಿನ ಕೊಟ್ಟೆ. ಮೊದಲು ದೇಶದ ಸಂಕೇತವನ್ನು ಭಾರತಕ್ಕೆ ಬದಲಿಸಿದೆ. ಅದನ್ನು ಸೂಚಿಸದಿದ್ದರೆ ಡ್ರೈವರ್ (ರೇಡಿಯೊವನ್ನು ನಡೆಸುವ ತಂತ್ರಾಂಶ) ಎಲ್ಲ ದೇಶಗಳಿಗೂ ಹೊಂದುವ ಬಿಗಿಯಾದ ನಿಯಮ ಹಿಡಿದು ಕೂರಬಹುದು. ನಮ್ಮಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್‌ನ ಇನ್ನಷ್ಟು ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ಆಯ್ಕೆಗೆ ಜಾಗ ಸಾಕಷ್ಟಿದೆ. 36 ಬಿಟ್ಟು 149ನೇ ಚಾನೆಲ್‌ಗೆ ಬಂದದ್ದರಿಂದ ಪಕ್ಕದ ಮನೆಗಳ ವೈಫೈ ಅಡ್ಡಿ ತಪ್ಪಿತು. 52ರಂಥ ಚಾನೆಲ್ ಆರಿಸಿದರೆ ರೇಡಾರ್ ಇದೆಯೇ ಎಂದು ರೂಟರ್ ಒಂದು ನಿಮಿಷ ಕಿವಿಗೊಟ್ಟು ಕೂರುತ್ತದೆ. ಆ ಹೊತ್ತಿನಲ್ಲಿ ವೈಫೈ ಹೆಸರೇ ಕಾಣದಿದ್ದರೆ ಕೆಟ್ಟಿತೆಂದು ಗಾಬರಿಪಡಬೇಕಿಲ್ಲ. 5 ಗಿಗಾಹರ್ಟ್ಸ್ ರೇಡಿಯೊವನ್ನು ನಡೆಸುವ ಎತ್10ಕೆ ಡ್ರೈವರಿನ ಎರಡು ರೂಪಗಳನ್ನೂ ಹಾಕಿ ನೋಡಿದೆ, ನಮ್ಮ ಮನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಜಾರದಲ್ಲಿ ಬಂದದ್ದು 440.

ಇಂಟರ್‌ನೆಟ್ ಮಾತ್ರ 160ಕ್ಕೆ ನಿಂತಿತು. ಡೌನ್‌ಲೋಡ್ ನಡೆಯುವಾಗ ಎಸ್‌ಎಸ್‌ಎಚ್ ಮೂಲಕ ರೂಟರಿನೊಳಗೆ ಹೋಗಿ, ಪ್ರೊಸೆಸರಿನ ಹೊರೆ ತೋರಿಸುವ ಟಾಪ್ ತೆರೆದು ನೋಡಿದರೆ ಐಡಲ್ (ಬಿಡುವು) ಸೊನ್ನೆಗಿಳಿದು, ಎಸ್‌ಐಆರ್‌ಕ್ಯೂ (ಜಾಲದ ಕೆಲಸಕ್ಕೆ ಹೋಗುವ ಪಾಲು) ನೂರರ ಹತ್ತಿರ ಓಡುತ್ತಿತ್ತು: ಪ್ಯಾಕೆಟ್‌ಗಳನ್ನು ದಾಟಿಸುವುದರಲ್ಲೇ ಪ್ರೊಸೆಸರ್ ಮುಗಿದುಹೋಗುತ್ತಿತ್ತು. ಫೈರ್‌ವಾಲ್ ಪುಟದಲ್ಲಿ ಈ ಹೊರೆ ಇಳಿಸುವ ಸಾಫ್ಟ್‌ವೇರ್ ಫ್ಲೋ ಆಫ್‌ಲೋಡಿಂಗ್ ಗುರುತು ಮಾಡಿದ್ದೇ 195 ಬಂತು. ಆದರೆ ಅದು ಎಸ್‌ಕ್ಯೂಎಂ ಜೊತೆ ಪೂರ್ತಿ ಹೊಂದುವುದಿಲ್ಲವೆಂದು ಆ ಪುಟವೇ ಎಚ್ಚರಿಸುತ್ತದೆ. ವೇಗ ಮತ್ತು ಸ್ಥಿರತೆಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು.

ಇನ್ನು ಮಹಡಿಯ ಕೋಣೆ. ಮೂರು ಫರ್ಮ್‌ವೇರ್‌ಗಳಲ್ಲೂ ಅಲ್ಲಿ ಐಪರ್ಫ್3 ಅಂಕಿ 70 ಮತ್ತು 85ರ ನಡುವೆಯೇ ಓಡಾಡಿತು. ಮೂರನ್ನೂ ಬದಲಿಸಿದರೂ ಕದಲದ ಅಂಕಿಗೆ ಕಾರಣ ಹೊರಗೇ ಇರಬೇಕೆಂದು ಸುತ್ತ ನೋಡಿದೆ. ರೂಟರ್ ಕೂತಿದ್ದುದು ಕಬ್ಬಿಣದ ಬೀರುವಿನ ಹಿಂದಿನ ಮೂಲೆಯಲ್ಲಿ, ಫೈಬರ್ ತಂತಿ ಒಳಬಂದ ಜಾಗದಲ್ಲಿ. ಆರು ಮೀಟರ್ ಕೇಬಲ್ ಎಳೆದು ಅದನ್ನು ಮೆಟ್ಟಿಲ ಪಕ್ಕದ ಗೋಡೆಗೆ ಏರಿಸಿದ ದಿನ ಅದೇ ಕೋಣೆಯಲ್ಲಿ 210 ಬಂತು. ವಾರಗಟ್ಟಲೆ ಫರ್ಮ್‌ವೇರ್ ಬದಲಿಸಿ ಸಿಗದಿದ್ದದ್ದು ಎರಡು ಮೊಳೆಗಳಿಂದ ಸಿಕ್ಕಿತು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಈ ರೂಟರಿನಲ್ಲಿ ರೇಡಿಯೊ ಮಟ್ಟದಲ್ಲಿ ಫರ್ಮ್‌ವೇರ್‌ಗಳ ಅಂತರ ಹತ್ತರಲ್ಲೊಂದು ಪಾಲಿನಷ್ಟೂ ಇಲ್ಲ.

ಕೊನೆಗೆ ಉಳಿಸಿಕೊಂಡದ್ದು ಓಪನ್‌ಡಬ್ಲ್ಯುಆರ್‌ಟಿಯನ್ನೇ, ಭದ್ರತೆಯ ಅಪ್‌ಡೇಟ್‌ಗಳಿಗಾಗಿ ಮತ್ತು ಎಸ್‌ಕ್ಯೂಎಂಗಾಗಿ. ಆಫ್‌ಲೋಡಿಂಗ್ ತೆಗೆದು, ಎಸ್‌ಕ್ಯೂಎಂನಲ್ಲಿ ಡೌನ್‌ಲೋಡ್ ಮಿತಿಗೆ ಸೊನ್ನೆ ಕೊಟ್ಟು, ಅಪ್‌ಲೋಡಿಗೆ ಮಾತ್ರ 100000 ತುಂಬಿದ್ದೇನೆ. ಸೊನ್ನೆ ಕೊಟ್ಟರೆ ಆ ದಿಕ್ಕಿನಲ್ಲಿ ನಿಯಂತ್ರಣವೇ ಇರುವುದಿಲ್ಲವಾದ್ದರಿಂದ ಪ್ರೊಸೆಸರಿನ ಹೊರೆ ಇಳಿಯುತ್ತದೆ. ಡೌನ್‌ಲೋಡ್ 160ರ ಹತ್ತಿರ ನಿಲ್ಲುತ್ತದೆ, ಅಪ್‌ಲೋಡ್ ನಡೆಯುವಾಗಲೂ ಪಿಂಗ್ 20ನ್ನು ಮೀರುವುದಿಲ್ಲ. 200 ಪೂರ್ತಿ ಬೇಕೆನ್ನುವ, ಸೆಟ್ಟಿಂಗ್ ಮುಟ್ಟಲು ಇಷ್ಟಪಡದ ಮನೆಗೆ ನಾನು ಇದನ್ನು ಹೇಳುವುದಿಲ್ಲ. ನಮ್ಮ ಅಕ್ಕನ ಮನೆಯಲ್ಲಿರುವ ಇದೇ ದರ್ಜೆಯ, ಇನ್ನೂ ಅಪ್‌ಡೇಟ್ ಬರುತ್ತಿರುವ ರೂಟರಿಗೆ ಮೂಲ ಫರ್ಮ್‌ವೇರನ್ನೇ ಬಿಟ್ಟು, ಅದನ್ನು ಟಿವಿಯ ಹಿಂದಿನಿಂದ ಮಾತ್ರ ಹೊರಗೆ ತೆಗೆದಿಟ್ಟು ಬಂದಿದ್ದೇನೆ.