ಪಿಗ್ಮಿ ಖಾತೆ: ಹತ್ತು ವರ್ಷಕ್ಕಿಂತ ಜಾಸ್ತಿ ಕಟ್ಟಿದ ಮೇಲೆ ನನ್ನ ಅಭಿಪ್ರಾಯ

ಪಿಗ್ಮಿಯಲ್ಲಿ ಬಡ್ಡಿ ಕಡಿಮೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪಿಗ್ಮಿ ಬೇಡ ಎನ್ನುವವರೆಲ್ಲ ಕೊಡುವ ಕಾರಣ ಇದೇ. ಅವರು ಹೇಳುವುದು ಸರಿ. ಆದರೂ ನಾನು ಕಟ್ಟುತ್ತಾ ಬಂದಿದ್ದೇನೆ, ಮುಂದೆಯೂ ಕಟ್ಟುತ್ತೇನೆ. ಉಡುಪಿಯ ಸಿಟಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ದಿನದ ದುಡಿಮೆ ಅಂದಂದೇ ಕೈಗೆ ಬರುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಿಂಗಳ ಸಂಬಳದವರ ಲೆಕ್ಕವೇ ಬೇರೆ.

ಕ್ರಮ ಗೊತ್ತಿಲ್ಲದವರಿಗೆ ಎರಡು ಮಾತು. ಸೊಸೈಟಿ ಅಥವಾ ಬ್ಯಾಂಕಿನ ಕಡೆಯಿಂದ ಒಬ್ಬರು ದಿನಾ ಅಂಗಡಿಗೆ ಬರುತ್ತಾರೆ. ಐವತ್ತೋ ನೂರೋ, ನಮ್ಮಿಂದ ಆದಷ್ಟು ಕೊಡುತ್ತೇವೆ. ಕೈಯಲ್ಲಿರುವ ಪುಟ್ಟ ಮೆಷಿನ್‌ನಲ್ಲಿ ಖಾತೆ ನಂಬರು ಒತ್ತಿ ರಶೀದಿ ಹರಿದು ಕೊಡುತ್ತಾರೆ. ಒಂದು ವರ್ಷವಾದ ಮೇಲೆ ಬಡ್ಡಿ ಸೇರಿಸಿ ಹಣ ವಾಪಸ್. ಇವತ್ತು ವ್ಯಾಪಾರ ಇಲ್ಲವೆಂದರೆ ಕೊಡಬೇಕಾಗಿಲ್ಲ, ದಂಡವೂ ಇಲ್ಲ. ತಿಂಗಳು ತಿಂಗಳು ಇಷ್ಟೇ ಎಂದು ಕಂತು ಕಟ್ಟುವ ಆರ್.ಡಿ.ಯಲ್ಲಿ ಈ ಸಲಿಗೆ ಸಿಗುವುದಿಲ್ಲ. ಅಂಚೆ ಕಚೇರಿಯ ಆರ್.ಡಿ.ಯಲ್ಲಿ ಕಂತು ತಪ್ಪಿದರೆ ನೂರು ರೂಪಾಯಿಗೆ ಒಂದು ರೂಪಾಯಿ ದಂಡ ಬೀಳುತ್ತದೆ.

ಈ ಪದ್ಧತಿ ಹುಟ್ಟಿದ್ದು ನಮ್ಮ ಉಡುಪಿಯಲ್ಲೇ. ಕೈಮಗ್ಗದ ಕೆಲಸ ಕೆಟ್ಟು ನೇಕಾರರು ಕಷ್ಟಕ್ಕೆ ಬಿದ್ದಿದ್ದ ಕಾಲದಲ್ಲಿ, 1925ರಲ್ಲಿ, ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಸೇರಿ ಇಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಅದೇ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಪಾಲು. 2020ರ ಏಪ್ರಿಲ್ 1ರಂದು ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಮಾತ್ರ ಇವತ್ತಿಗೂ ಊರಿನ ಸೊಸೈಟಿಗಳಲ್ಲಿ ನಡೆಯುತ್ತಿದೆ. ಬಟ್ಟೆಯ ಕೆಲಸದವಳಾದ ನನಗೆ ಇದು ನೇಕಾರರ ಕಷ್ಟ ನೋಡಿ ಶುರುವಾದ ಬ್ಯಾಂಕಿನಿಂದ ಬಂದದ್ದು ಎನ್ನುವುದು ತುಂಬಾ ಇಷ್ಟದ ವಿಷಯ.

ಈಗ ಬಡ್ಡಿಯ ಲೆಕ್ಕ. ದಿನಕ್ಕೆ ನೂರು ರೂಪಾಯಿ, ತಿಂಗಳಲ್ಲಿ 25 ದಿನ ಎಂದು ಹಿಡಿಯಿರಿ. ತಿಂಗಳಿಗೆ 2,500, ವರ್ಷಕ್ಕೆ 30,000 ರೂಪಾಯಿ. ನಮ್ಮ ಸೊಸೈಟಿ ಪಿಗ್ಮಿಗೆ ಶೇಕಡಾ 3 ಕೊಡುತ್ತದೆ. ಹಣ ಸ್ವಲ್ಪ ಸ್ವಲ್ಪವಾಗಿ ಸೇರುವುದರಿಂದ ವರ್ಷದ ಕೊನೆಗೆ ಬರುವ ಬಡ್ಡಿ ಸುಮಾರು 490 ರೂಪಾಯಿ. ಇದೇ 2,500ನ್ನು ಶೇಕಡಾ 6 ಕೊಡುವ ಆರ್.ಡಿ.ಗೆ ತಿಂಗಳು ತಿಂಗಳು ಹಾಕಿದ್ದರೆ ಅದರ ಎರಡರಷ್ಟು, 975ರ ಆಸುಪಾಸು ಸಿಗುತ್ತಿತ್ತು. ವ್ಯತ್ಯಾಸ ಐನೂರು ರೂಪಾಯಿಗಿಂತ ಸ್ವಲ್ಪ ಕಡಿಮೆ. ಒಂದು ಲೈನಿಂಗ್ ಬ್ಲೌಸಿನ ಹೊಲಿಗೆ ದುಡ್ಡು ಅಷ್ಟೇ. ಇಷ್ಟಕ್ಕೆ ಒಬ್ಬರು ಮಳೆಗಾಲದಲ್ಲೂ ಕೊಡೆ ಹಿಡಿದುಕೊಂಡು ದಿನಾ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ನನ್ನ ಮಟ್ಟಿಗೆ ಇದು ನಷ್ಟವಲ್ಲ, ಅವರು ಬರುವುದಕ್ಕೆ ನಾನು ಕೊಡುವ ಬೆಲೆ.

ಆ ಬರುವಿಕೆಯಿಂದ ಎಂತ ಲಾಭ ಎಂದು ಕೇಳಬಹುದು. ಟೈಲರಿಂಗ್‌ನಲ್ಲಿ ದುಡ್ಡು ಒಂದೇ ಸಮ ಬರುವುದಿಲ್ಲ. ಮದುವೆ ಸೀಸನ್‌ನಲ್ಲಿ ರಾತ್ರಿಯವರೆಗೂ ಮೆಷಿನ್ ನಿಲ್ಲುವುದಿಲ್ಲ. ಜೂನ್ ಬಂತೆಂದರೆ ಯೂನಿಫಾರ್ಮ್ ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ ಕಡೆಯ ಗಿರಾಕಿಗಳು ಆ ಎರಡು ತಿಂಗಳು ಹೊಸ ಬಟ್ಟೆಯ ಮಾತೇ ಎತ್ತುವುದಿಲ್ಲ. ಮಕ್ಕಳ ಫೀಸು, ಪುಸ್ತಕ, ಕೊಡೆ, ಚಪ್ಪಲಿ ಎಲ್ಲ ಬರುವುದೂ ಆಗಲೇ. ಹಾಗಾಗಿ ನನ್ನ ಪಿಗ್ಮಿ ಮೇ ತಿಂಗಳ ಕೊನೆಗೆ ಮುಗಿಯುವ ಹಾಗೆ ಇಟ್ಟುಕೊಂಡಿದ್ದೇನೆ. ಹೊಸದಾಗಿ ತೆರೆಯುವವರಿಗೆ ನಾನು ಹೇಳುವ ಮೊದಲ ಮಾತೇ ಇದು. ಖಾತೆ ತೆರೆಯುವ ದಿನವನ್ನು ಸುಮ್ನೆ ಆರಿಸಬೇಡಿ. ನಿಮ್ಮ ಮನೆಯಲ್ಲಿ ಹಣಕ್ಕೆ ಎಳೆದಾಟ ಆಗುವ ತಿಂಗಳು ಯಾವುದು ನೋಡಿ, ಅದಕ್ಕೆ ಸ್ವಲ್ಪ ಮೊದಲು ಮುಗಿಯುವ ಹಾಗೆ ಶುರು ಮಾಡಿ.

ಇನ್ನೊಂದು ಲಾಭ ಕಣ್ಣಿಗೆ ಕಾಣುವಂಥದ್ದಲ್ಲ. ಡ್ರಾಯರ್‌ನಲ್ಲಿರುವ ನೋಟು ಯಾವಾಗಲೂ ಖರ್ಚಾಗುವ ದಾರಿ ಹುಡುಕುತ್ತಿರುತ್ತದೆ. ಮಧ್ಯಾಹ್ನ ಕಂತಿನ ಮೇಲೆ ಪಾತ್ರೆ ಮಾರುವವರು ಬರುತ್ತಾರೆ, ನಾಲ್ಕು ಗಂಟೆಗೆ ಚಹಾದ ಜೊತೆ ಗೋಳಿಬಜೆ, ನಡುವೆ ಮೊಬೈಲ್‌ನಲ್ಲಿ ಇನ್ನೂರು ರೂಪಾಯಿಯ ಕುರ್ತಿ. ಒಂದೊಂದೂ ಸಣ್ಣದೇ. ಸಂಜೆ ಪಿಗ್ಮಿಗೆ ನೂರು ಇರಬೇಕು ಎನ್ನುವುದು ತಲೆಯಲ್ಲಿದ್ದರೆ, ಕೈ ಡ್ರಾಯರ್‌ಗೆ ಹೋಗುವ ಮೊದಲು ಇದು ಬೇಕಾ ಎಂದು ಒಮ್ಮೆ ಯೋಚನೆ ಬರುತ್ತದೆ. ಗೋಳಿಬಜೆ ನಾನು ಬಿಟ್ಟಿಲ್ಲ, ಬಿಡುವ ಅಗತ್ಯವೂ ಇಲ್ಲ. ಕಂತಿನ ಪಾತ್ರೆ ಮಾತ್ರ ನಿಂತಿತು. ಮೂರು ವರ್ಷದ ಪಿಗ್ಮಿ ಹಣ ಕೂಡಿಸಿ ಓವರ್‌ಲಾಕ್ ಮೆಷಿನ್ ತೆಗೆದುಕೊಂಡೆ, ಒಂದು ರೂಪಾಯಿ ಸಾಲ ಇಲ್ಲದೆ.

ಪಿಗ್ಮಿಯವರ ಬಗ್ಗೆಯೂ ಹೇಳಲೇಬೇಕು. ನಮ್ಮ ಸಾಲಿಗೆ ಬರುವವರು ಹಳಬರು. "ಅಕ್ಕಾ, ಇವತ್ತು ಎಷ್ಟು ಬರೀಲಿ?" ಎನ್ನುತ್ತಾರೆ. ಇಲ್ಲ ಎಂದರೆ "ಆಯ್ತು, ನಾಳೆ ನೋಡುವ" ಎಂದು ಮುಂದಿನ ಅಂಗಡಿಗೆ ನಡೆಯುತ್ತಾರೆ. ಮುಖ ಗಂಟು ಹಾಕಿಕೊಂಡದ್ದನ್ನು ನಾನು ನೋಡಿಲ್ಲ. ಅವರಿಗೆ ತಿಂಗಳ ಸಂಬಳವಿಲ್ಲ. ಸೇರಿಸಿದ ಹಣದ ಮೇಲೆ ಕಮಿಷನ್, ಅಷ್ಟೇ. ಬ್ಯಾಂಕುಗಳಿಗೆ ಹೀಗೆ ಠೇವಣಿ ಸೇರಿಸುವವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಸೊಸೈಟಿಗಳ ಪಿಗ್ಮಿಯವರಿಗೂ ಒಂದು ಭದ್ರತೆ ಸಿಗಬೇಕು ಎಂದು ನನಗೆ ಬಹಳ ಅನಿಸುತ್ತದೆ. ಬಿಸಿಲು ಮಳೆ ಎನ್ನದೆ ಜನರ ಹಣ ಹೊತ್ತು ಓಡಾಡುವ ಕೆಲಸ ಅದು.

ಹಾಗೆಂದು ಕಣ್ಣುಮುಚ್ಚಿ ಕೊಡಬಾರದು. ಮೊದಲು ನಾನು ಬೇರೆ ಒಂದು ಸೊಸೈಟಿಯಲ್ಲಿ ಕಟ್ಟುತ್ತಿದ್ದೆ, ಹೆಸರು ಹಾಕುವುದಿಲ್ಲ. ಅಲ್ಲಿಂದ ಬರುತ್ತಿದ್ದವರು ಒಂದು ಸಲ ಮೆಷಿನ್ ಹಾಳಾಗಿದೆ, ರಶೀದಿ ನಾಳೆ ಕೊಡ್ತೇನೆ ಎಂದರು. ಆ ನಾಳೆ ಬರಲೇ ಇಲ್ಲ. ಒಂದು ವಾರದ ಹಣ ಖಾತೆಗೆ ಏರಿರಲಿಲ್ಲ. ದಿನದ ಲೆಕ್ಕವನ್ನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಅದನ್ನು ಹಿಡಿದುಕೊಂಡು ಕಚೇರಿಗೆ ಹೋದೆ, ಮ್ಯಾನೇಜರ್ ಪರಿಶೀಲಿಸಿ ಸರಿಮಾಡಿದರು. ಹಣ ಸಿಕ್ಕಿತು, ನಂಬಿಕೆ ಹೋಯಿತು. ವರ್ಷ ಮುಗಿದ ಮೇಲೆ ಅಲ್ಲಿ ನಿಲ್ಲಿಸಿದೆ.

ಆದ್ದರಿಂದ ರಶೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ರಶೀದಿಯಲ್ಲಿ ಇವತ್ತಿನ ಮೊತ್ತ ಮಾತ್ರ ನೋಡಿದರೆ ಸಾಲದು. ಅದರ ಕೆಳಗೆ ಇದುವರೆಗೆ ಖಾತೆಯಲ್ಲಿ ಸೇರಿದ ಒಟ್ಟು ಹಣ ಇರುತ್ತದೆ, ಅದು ನಿನ್ನೆಯದಕ್ಕಿಂತ ಸರಿಯಾಗಿ ನೂರು ಏರಿದೆಯಾ ನೋಡಿ. ಆ ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬರೀ ಬಿಳಿ ಚೀಟಿ ಉಳಿಯುತ್ತದೆ, ಇಸ್ತ್ರಿ ಪೆಟ್ಟಿಗೆಯ ಹತ್ತಿರ ಇಟ್ಟರಂತೂ ಪೂರ್ತಿ ಕಪ್ಪಾಗುತ್ತದೆ. ಪುಸ್ತಕದಲ್ಲಿ ಬರೆದಿಡುವುದೇ ವಾಸಿ. ಮೊಬೈಲ್‌ಗೆ ಮೆಸೇಜ್ ಬರುವ ವ್ಯವಸ್ಥೆ ಇದ್ದರೆ ತಪ್ಪದೆ ನಂಬರು ಕೊಡಿ.

ಈಗ ಗಿರಾಕಿಗಳು ಜಾಸ್ತಿ ಸ್ಕ್ಯಾನ್ ಮಾಡಿಯೇ ಕೊಡುತ್ತಾರೆ. ಕೆಲವು ದಿನ ಸಂಜೆ ಡ್ರಾಯರ್‌ನಲ್ಲಿ ನೂರರ ಒಂದು ನೋಟೂ ಇರುವುದಿಲ್ಲ. ಪಿಗ್ಮಿಯವರ ಹತ್ತಿರವೂ ಕ್ಯೂಆರ್ ಕಾರ್ಡ್ ಬಂದಿದೆ. ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಸೊಸೈಟಿಯ ಹೆಸರೇ ಬರಬೇಕು. ಅವರ ಸ್ವಂತ ನಂಬರಿಗೆ ಹಾಕಿ ಎಂದು ಯಾರಾದರೂ ಹೇಳಿದರೆ ಬೇಡ ಮಾರಾಯ್ರೆ, ಎಷ್ಟೇ ಪರಿಚಯ ಇದ್ದರೂ ಬೇಡ. ನನ್ನ ತಂಗಿಯ ಮಗಳು ದಿನಾ ಹತ್ತು ರೂಪಾಯಿಯ ಡಿಜಿಟಲ್ ಚಿನ್ನ ಕೊಳ್ಳುವ ಆ್ಯಪ್ ತೋರಿಸಿ ಇದೂ ಪಿಗ್ಮಿಯೇ ಅಲ್ವಾ ಎಂದಳು. ಅಲ್ಲ. ಕೊಳ್ಳುವಾಗಲೇ ಶೇಕಡಾ 3 ಜಿಎಸ್‌ಟಿ ಹೋಗುತ್ತದೆ, ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಬೇರೆ. ಇಂಥ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲ ಎಂದು ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯೇ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ನೀವು ಹಣ ಇಡುವ ಜಾಗ ಬ್ಯಾಂಕೋ ಸೊಸೈಟಿಯೋ ಎನ್ನುವುದು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕು, ಸಹಕಾರಿ ಬ್ಯಾಂಕು ಮುಳುಗಿದರೂ ಒಬ್ಬರಿಗೆ 5 ಲಕ್ಷ ರೂಪಾಯಿಯವರೆಗೆ ಡಿಐಸಿಜಿಸಿ (ಠೇವಣಿ ವಿಮಾ ನಿಗಮ) ವಿಮೆ ಇದೆ. ಮೊದಲು 1 ಲಕ್ಷ ಇತ್ತು, 2020ರ ಫೆಬ್ರವರಿಯಲ್ಲಿ ಏರಿಸಿದರು. ಅಸಲು, ಬಡ್ಡಿ ಎರಡೂ ಸೇರಿ ಈ 5 ಲಕ್ಷ. ನಾವು ಸೊಸೈಟಿ ಎನ್ನುವ ಪತ್ತಿನ ಸಹಕಾರಿ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಈ ವಿಮೆ ಇಲ್ಲ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಚೆನ್ನಾಗಿ ನಡೆಯುವ ಸೊಸೈಟಿಗಳು ಬೇಕಾದಷ್ಟಿವೆ, ನನ್ನದೂ ಅಂಥದ್ದೇ. ಆದರೂ ಅಲ್ಲಿ ವರ್ಷದ ಪಿಗ್ಮಿಗಿಂತ ಜಾಸ್ತಿ ಹಣ ನಿಲ್ಲಲು ಬಿಡುವುದಿಲ್ಲ. ಮೇ ಕೊನೆಗೆ ತೆಗೆದು ಫೀಸಿಗೆ ಬೇಕಾದದ್ದು ಇಟ್ಟುಕೊಂಡು ಉಳಿದದ್ದನ್ನು ಬ್ಯಾಂಕಿನ ಎಫ್.ಡಿ.ಗೆ ಹಾಕುತ್ತೇನೆ. ಮುಗಿದ ಪಿಗ್ಮಿಯನ್ನು ಹಾಗೇ ಬಿಟ್ಟರೆ ಬಡ್ಡಿ ಬೆಳೆಯುವುದಿಲ್ಲ, ನಮ್ಮ ಸಾಲಿನಲ್ಲೇ ಎಷ್ಟೋ ಜನ ಹಾಗೆ ಬಿಟ್ಟಿರುತ್ತಾರೆ.

ಮಧ್ಯದಲ್ಲಿ ತೆಗೆಯುವ ವಿಷಯವನ್ನೂ ಮೊದಲೇ ಕೇಳಿಕೊಳ್ಳಿ. ನಮ್ಮಲ್ಲಿ ಆರು ತಿಂಗಳ ಒಳಗೆ ಮುಚ್ಚಿದರೆ ಬಡ್ಡಿ ಇಲ್ಲ, ಪಿಗ್ಮಿಯವರ ಕಮಿಷನ್ ಕೂಡ ನಮ್ಮ ಹಣದಿಂದಲೇ ಕಡಿತ. ಅಂದರೆ ಹಾಕಿದ್ದಕ್ಕಿಂತ ಕಡಿಮೆ ಕೈಗೆ ಬರುತ್ತದೆ. ತುರ್ತಿಗೆ ಮುಚ್ಚುವ ಬದಲು ಪಿಗ್ಮಿಯ ಮೇಲೆ ಸಾಲ ತೆಗೆಯಬಹುದು, ಆದರೆ ಪಿಗ್ಮಿ ಕೊಡುವ ಬಡ್ಡಿಗಿಂತ ಸಾಲದ ಬಡ್ಡಿ ಬಹಳ ಜಾಸ್ತಿ. ನಾನು ಅದರ ತಂಟೆಗೆ ಹೋಗಿಲ್ಲ, ಆಸ್ಪತ್ರೆ ಖರ್ಚಿಗೆಂದು ಬೇರೆ ಸ್ವಲ್ಪ ಹಣ ಉಳಿತಾಯ ಖಾತೆಯಲ್ಲಿ ಇರುತ್ತದೆ.

ಷೇರು ತೆಗೆದುಕೊಂಡು ಸದಸ್ಯರಾಗಿದ್ದರೆ ವಾರ್ಷಿಕ ಮಹಾಸಭೆಗೆ ಹೋಗಿ. ಊಟಕ್ಕೂ ಡಿವಿಡೆಂಡಿಗೂ ಮಾತ್ರ ಹೋಗುವವರೇ ಜಾಸ್ತಿ. ಕೈಗೆ ಕೊಡುವ ವರದಿಯಲ್ಲಿ ಆಡಿಟ್ ವರ್ಗ 'ಎ' (ಎಲ್ಲಕ್ಕಿಂತ ಒಳ್ಳೆಯ ದರ್ಜೆ) ಇದೆಯಾ, ವಸೂಲಾಗದ ಸಾಲ ಹೋದ ವರ್ಷಕ್ಕಿಂತ ಏರಿದೆಯಾ, ಇವೆರಡನ್ನು ನೋಡಲು ಐದು ನಿಮಿಷ ಸಾಕು. ಅರ್ಥವಾಗದಿದ್ದರೆ ಎದ್ದು ನಿಂತು ಕೇಳಿ, ಅದು ನಮ್ಮ ಹಕ್ಕು. ಹೋದ ಸಲ ನಾನು ರಶೀದಿ ಕನ್ನಡದಲ್ಲಿ ಬರಲಿ ಎಂದು ಕೇಳಿದೆ. ಮಾರುಕಟ್ಟೆಯಲ್ಲಿ ಮೀನು ಮಾರುವ ಎಷ್ಟೋ ಅಕ್ಕಂದಿರು ನನಗಿಂತ ಜಾಸ್ತಿ ಪಿಗ್ಮಿ ಕಟ್ಟುತ್ತಾರೆ, ಅವರಿಗೆ ಇಂಗ್ಲಿಷ್ ರಶೀದಿ ಓದಲು ಬರುವುದಿಲ್ಲ. ಮೆಷಿನ್ ಬದಲಿಸುವಾಗ ನೋಡುವ ಎಂದು ಅಧ್ಯಕ್ಷರು ಹೇಳಿದ್ದಾರೆ. ಈ ಸೆಪ್ಟೆಂಬರ್ ಸಭೆಯಲ್ಲಿ ಮತ್ತೆ ಕೇಳುತ್ತೇನೆ.