ಶಾಲೆಯ ಆ್ಯಪ್: ಒಂದನೇ ತರಗತಿಯಿಂದ ಏಳನೇ ತರಗತಿವರೆಗೆ ಬಳಸಿದ ಮೇಲೆ

ಅಂಕ: 5ಕ್ಕೆ 3

ಮಗಳು ಒಂದನೇ ತರಗತಿಗೆ ಸೇರಿದಾಗ ಶಾಲೆಯವರು ಹಾಕಿಸಿದ ಆ್ಯಪ್ ಇದು. ಈಗ ಅವಳು ಏಳನೇ ತರಗತಿ. ಈ ನಡುವೆ ಆ್ಯಪ್‌ನ ಬಣ್ಣ ಬದಲಾಯಿತು, ಲೋಗೋ ಬದಲಾಯಿತು, ಕೊನೆಗೆ ಕಂಪನಿಯ ಮಾಲೀಕರೇ ಬದಲಾದರು. ನಾನು ಮಾತ್ರ ಬದಲಾಯಿಸುವ ಹಾಗಿಲ್ಲ. ಇದನ್ನು ಆರಿಸಿದ್ದು ನಾನಲ್ಲ, ಶಾಲೆ. ಬೇಡ ಅಂದರೆ ಶಾಲೆಯನ್ನೇ ಬಿಡಬೇಕು. ಈ ಮಾತು ನೆನಪಿಟ್ಟುಕೊಂಡು ಮುಂದೆ ಓದಿ, ಯಾಕಂದ್ರೆ ನನ್ನ ತಕರಾರುಗಳೆಲ್ಲ ಇಲ್ಲಿಂದಲೇ ಶುರುವಾಗುತ್ತವೆ. ಆ್ಯಪ್‌ನ ಹೆಸರು ಬರೆಯುತ್ತಿಲ್ಲ. ಶಾಲೆಗಳಿಗೆ ಮಾರುವ ಇಂಥ ಆ್ಯಪ್‌ಗಳು ಹೆಚ್ಚುಕಮ್ಮಿ ಒಂದೇ ಅಚ್ಚಿನವು. ನಿಮ್ಮ ಫೋನಿನಲ್ಲಿರುವುದೂ ಇದರ ಅಣ್ಣನೋ ತಮ್ಮನೋ ಆಗಿರಬಹುದು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಮಗಳು ತರಗತಿಯಲ್ಲಿ ಇಲ್ಲ ಅಂದರೆ ಹಾಜರಿ ಕರೆದ ಕೆಲವೇ ನಿಮಿಷದಲ್ಲಿ ಸಂದೇಶ ಬರುತ್ತದೆ. ಬಸ್ ಎಲ್ಲಿದೆ ಅಂತ ಕಾಣುತ್ತದೆ. ಹೋಂವರ್ಕ್ ಡೈರಿ ಕಳೆದುಹೋಯಿತು ಅನ್ನುವ ನೆಪ ಈಗ ನಡೆಯುವುದಿಲ್ಲ. ಫೀಸ್ ರಸೀದಿ ಹುಡುಕಲು ಬೀರು ಕೆದಕಬೇಕಿಲ್ಲ. ಟೀಚರ್ ಜೊತೆ ಮಾತಾಡಲು ಅವರ ಸ್ವಂತ ನಂಬರ್ ಬೇಕಿಲ್ಲ. ಇದು ಅವರಿಗೂ ನೆಮ್ಮದಿ, ನನಗೂ ನೆಮ್ಮದಿ. ಇಷ್ಟಕ್ಕೆ ಮಾತ್ರ ಅಂಕ ಕೊಡುವುದಾದರೆ ನಾಲ್ಕೂವರೆ ಕೊಡುತ್ತಿದ್ದೆ.

ಇನ್ನು ಉಳಿದದ್ದು.

ನೋಂದಣಿ ಫಾರಂನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ವಿಳಾಸ, ರಕ್ತದ ಗುಂಪು, ಅಲರ್ಜಿ ಕೇಳುತ್ತಾರೆ. ಸರಿ, ಬೇಕಾಗುತ್ತದೆ. ಅದರ ಕೆಳಗೆ ಅಪ್ಪ ಅಮ್ಮನ ಆದಾಯ, ಓದು, ಉದ್ಯೋಗ, ಧರ್ಮ, ಮನೆ ಸ್ವಂತದ್ದೋ ಬಾಡಿಗೆಯದ್ದೋ, ಮನೆಯಲ್ಲಿ ಯಾವ ಯಾವ ಸಾಧನಗಳಿವೆ ಅಂತೆಲ್ಲ ಬರುತ್ತದೆ. ಎಲ್ಲದರ ಪಕ್ಕದಲ್ಲೂ ಕೆಂಪು ನಕ್ಷತ್ರ. ಆದಾಯ ಯಾಕೆ ಬೇಕು ಅಂತ ಕಚೇರಿಯಲ್ಲಿ ಕೇಳಿದರೆ "ಸಿಸ್ಟಮ್ ಮುಂದಕ್ಕೆ ಬಿಡಲ್ಲ" ಅಂದರು. ಅಂದರೆ ಶಾಲೆಗೆ ಅದು ಬೇಕಾಗಿಯೇ ಇರಲಿಲ್ಲ. ಕಂಪನಿ ಕೊಟ್ಟ ಫಾರಂನಲ್ಲಿ ಇತ್ತು, ಹಾಗಾಗಿ ಕೇಳುತ್ತಿದ್ದರು. ನಾನು ಆ ಜಾಗದಲ್ಲಿ ಸುಮ್ನೆ ಒಂದು ಅಡ್ಡಗೆರೆ ಹಾಕಿದೆ. ಸಿಸ್ಟಮ್ ಮುಂದಕ್ಕೆ ಬಿಟ್ಟಿತು. ಇವತ್ತಿನವರೆಗೂ ಯಾರೂ ಕೇಳಿಲ್ಲ.

ಫೋನಿನ ಅನುಮತಿಗಳದ್ದೂ ಇದೇ ಕತೆ. ಕಾಂಟ್ಯಾಕ್ಟ್, ಲೊಕೇಶನ್, ಮೈಕ್, ಫೋಟೋ ಎಲ್ಲಾ ಬೇಕು ಅನ್ನುತ್ತದೆ. ಬಸ್ ನೋಡಲು ನನ್ನ ಲೊಕೇಶನ್ ಯಾಕೆ? ಜಿಪಿಎಸ್ ಇರುವುದು ಬಸ್ಸಿನಲ್ಲಿ, ನನ್ನ ಜೇಬಿನಲ್ಲಲ್ಲ. ಎಲ್ಲವನ್ನೂ ಬೇಡ ಅಂದೆ. ಒಂದೇ ಒಂದು ಸೌಲಭ್ಯವೂ ನಿಂತಿಲ್ಲ. ರಜೆ ಚೀಟಿಗೆ ವೈದ್ಯರ ಪತ್ರದ ಫೋಟೋ ಹಾಕಬೇಕಾದಾಗ ಆ ಒಂದು ಫೋಟೋಗೆ ಮಾತ್ರ ಅನುಮತಿ ಕೊಟ್ಟರೆ ಸಾಕು. ಈಗಿನ ಫೋನ್‌ಗಳಲ್ಲಿ ಆ ಆಯ್ಕೆ ಇದೆ.

ಇದೆಲ್ಲ ಹೊರಗಿನಿಂದಲೇ ಕಾಣುವ ವಿಷಯ. ಒಳಗೆ ಏನಿದೆ ಅಂತ ಗೊತ್ತಾಗಿದ್ದು ಕಳೆದ ವರ್ಷ, ಮಗಳ ಬಗ್ಗೆ ಇಟ್ಟುಕೊಂಡಿರುವ ಮಾಹಿತಿಯನ್ನೆಲ್ಲ ಕೊಡಿ ಅಂತ ಬರೆದು ಕೇಳಿದಾಗ. ಆ್ಯಪ್‌ನ ಸಹಾಯ ವಿಭಾಗಕ್ಕೆ ಬರೆದರೆ ಶಾಲೆಯನ್ನು ಕೇಳಿ ಅಂದರು. ಶಾಲೆಯವರು ಕಂಪನಿಯನ್ನು ಕೇಳಿ ಅಂದರು. ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಅಲೆದಾಟ ತಪ್ಪುತ್ತದೆ. ಯಾವ ಮಾಹಿತಿ, ಯಾವ ಕಾರಣಕ್ಕೆ ಅಂತ ತೀರ್ಮಾನ ಮಾಡುವುದು ಸಾಮಾನ್ಯವಾಗಿ ಶಾಲೆ. ಕಂಪನಿ ಶಾಲೆಯ ಪರವಾಗಿ ಅದನ್ನು ಇಟ್ಟುಕೊಂಡಿರುತ್ತದೆ ಅಷ್ಟೇ. ಹಾಗಾಗಿ ಉತ್ತರ ಕೊಡಬೇಕಾದವರು ಶಾಲೆಯವರು. 2018ರಲ್ಲಿ ಜಾರಿಗೆ ಬಂದ ಯುರೋಪಿನ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್‌ನಲ್ಲಿ ಈ ವಿಂಗಡಣೆ ಸ್ಪಷ್ಟವಾಗಿದೆ, ಉತ್ತರಕ್ಕೆ ಸಾಮಾನ್ಯವಾಗಿ ಒಂದು ತಿಂಗಳ ಗಡುವೂ ಇದೆ. ಬೇರೆ ದೇಶಗಳ ಕಾನೂನು ಬೇರೆ ಬೇರೆ. ಮಗು ಅಂದರೆ ಯಾರು ಅನ್ನುವುದರಲ್ಲೇ ಒಮ್ಮತ ಇಲ್ಲ. ಮಕ್ಕಳ ಆನ್‌ಲೈನ್ ಮಾಹಿತಿಗೆ ಅಂತಲೇ ಇರುವ ಅಮೆರಿಕದ ಕೋಪಾ ಕಾಯ್ದೆಗೆ 13 ವರ್ಷದೊಳಗಿನವರು ಮಾತ್ರ ಮಕ್ಕಳು, ಭಾರತದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಗೆ 18ರೊಳಗಿನವರೆಲ್ಲ ಮಕ್ಕಳು. ಆದರೆ ಪತ್ರ ಶಾಲೆಗೆ ಬರೆಯಬೇಕು ಅನ್ನುವ ಲೆಕ್ಕ ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಕೊನೆಗೂ ಒಂದು ಜಿಪ್ ಫೈಲ್ ಬಂತು. ಒಳಗೆ ಸ್ಪ್ರೆಡ್‌ಶೀಟ್‌ಗಳು. ಮೊದಲನೆಯದರಲ್ಲಿ ಹೆಸರು, ವಿಳಾಸ, ಅಂಕಗಳು. ಎರಡನೆಯದರಲ್ಲಿ ನಾನು ಆ್ಯಪ್ ತೆರೆದ ಪ್ರತಿ ಸಲದ ದಾಖಲೆ: ಸಮಯ, ಫೋನ್ ಮಾಡೆಲ್, ಐಪಿ ವಿಳಾಸ. ಮಗಳಿಗೆ ಜ್ವರ ಬಂದಿದ್ದ ಒಂದು ರಾತ್ರಿ ಎರಡೂವರೆಗೆ ರಜೆ ಚೀಟಿ ಹಾಕಿದ್ದೆ, ಅದೂ ಇತ್ತು. ಎಷ್ಟು ಸಂದೇಶ ಓದಿದೆ, ಎಷ್ಟು ಹೊತ್ತು ಬಿಟ್ಟು ಓದಿದೆ ಅನ್ನುವ ಕಾಲಂ ಕೂಡ ಇತ್ತು. ನಾನು ಎಂಥ ಪೋಷಕಿ ಅಂತ ಯಾರೋ ಲೆಕ್ಕ ಇಡುತ್ತಿದ್ದಾರೆ ಅಂತಾಯಿತು.

ಮೂರನೆಯದು ನಡತೆ. ಈ ಆ್ಯಪ್‌ನಲ್ಲಿ ಟೀಚರ್ ಮಕ್ಕಳಿಗೆ ಹಸಿರು ಅಥವಾ ಕೆಂಪು ಚುಕ್ಕೆ ಕೊಡಬಹುದು. ಎರಡನೇ ತರಗತಿಯ ಸಾಲಿನಲ್ಲಿ "ಜಾಸ್ತಿ ಮಾತಾಡುತ್ತಾಳೆ, ಪಕ್ಕದವರನ್ನು ಕೆಡಿಸುತ್ತಾಳೆ" ಅಂತ ಇತ್ತು. ಏಳು ವರ್ಷದ ಹುಡುಗಿ ಮಾತಾಡದೆ ಇನ್ನೇನು ಮಾಡುತ್ತಾಳೆ? ಆ ಟೀಚರ್ ಈಗ ಆ ಶಾಲೆಯಲ್ಲಿಲ್ಲ. ಅವರಿಗೇ ಇದು ಮರೆತುಹೋಗಿರುತ್ತದೆ. ಆದರೆ ಪ್ರತಿ ವರ್ಷ ಹೊಸದಾಗಿ ಬರುವ ಕ್ಲಾಸ್ ಟೀಚರ್‌ಗೆ ಮೊದಲ ದಿನವೇ ಆ ಸಾಲು ತೆರೆಯ ಮೇಲೆ ಕಾಣುತ್ತದೆ. ಹಿಂದೆಲ್ಲ ಟೀಚರ್‌ಗಳು ಸ್ಟಾಫ್ ರೂಮಿನಲ್ಲಿ ಮಕ್ಕಳ ಬಗ್ಗೆ ಬೈದುಕೊಳ್ಳುತ್ತಿರಲಿಲ್ಲ ಅಂತಲ್ಲ. ಆ ಮಾತು ಬೇಸಿಗೆ ರಜೆಯಲ್ಲಿ ಹಳತಾಗುತ್ತಿತ್ತು. ಇದು ಹಳತಾಗುವುದಿಲ್ಲ. ಹಸಿರು ಚುಕ್ಕೆಗಳಿಗೆ ವಿವರಣೆ ಇರಲಿಲ್ಲ, ಕೆಂಪಿಗೆ ಮಾತ್ರ ಇತ್ತು. ಅದನ್ನೂ ಗಮನಿಸಿದೆ.

ನನಗೆ ನಿಜವಾಗಿ ಕಸಿವಿಸಿ ಆಗಿದ್ದು ನಾಲ್ಕನೆಯ ಹಾಳೆ ನೋಡಿ. ಮಗುವನ್ನು ಕರೆದುಕೊಂಡು ಹೋಗಲು ಅನುಮತಿ ಇರುವವರ ಪಟ್ಟಿ ಅದು. ಅಜ್ಜಿಯ ಫೋಟೋ, ಅವರ ಗುರುತಿನ ಚೀಟಿಯ ಸಂಖ್ಯೆ. ಹಿಂದೆ ಯಾವಾಗಲೋ ಒಂದು ದಿನ ಮಗಳನ್ನು ಕರೆತಂದಿದ್ದ ಪಕ್ಕದ ಮನೆಯವರ ಫೋನ್ ನಂಬರ್. ಅವರು ಆ ಮನೆ ಬಿಟ್ಟು ಹೋಗಿ ಕಾಲವಾಯಿತು. ಇವರ್ಯಾರೂ ಈ ಆ್ಯಪ್‌ನ ಹೆಸರೂ ಕೇಳಿಲ್ಲ, ಯಾವುದಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಮಕ್ಕಳ ಮಾಹಿತಿ ಅಂತ ನಾವು ಮಾತಾಡುತ್ತೇವೆ, ಅದರ ಜೊತೆಗೆ ಸುತ್ತಲಿನ ದೊಡ್ಡವರ ಮಾಹಿತಿಯೂ ಹೋಗಿರುತ್ತದೆ.

ಯಾರ ಜೊತೆ ಹಂಚಿಕೊಂಡಿದ್ದಾರೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಎಸ್ಸೆಮ್ಮೆಸ್ ಕಳಿಸುವವರು, ಸರ್ವರ್ ಕೊಟ್ಟವರು, ಫೀಸ್ ಪಾವತಿಯವರು, ಆ್ಯಪ್ ಕೆಟ್ಟರೆ ವರದಿ ಮಾಡುವ ಸಾಫ್ಟ್‌ವೇರಿನವರು. ಇವೆಲ್ಲ ಕೆಲಸಕ್ಕೆ ಬೇಕು, ಒಪ್ಪುತ್ತೇನೆ. ಪಟ್ಟಿಯ ಕೊನೆಯಲ್ಲಿ "ಶೈಕ್ಷಣಿಕ ಪಾಲುದಾರರು" ಅಂತ ಒಂದು ಸಾಲು, ಹೆಸರುಗಳಿಲ್ಲ. ಮಾಲೀಕರು ಬದಲಾದ ಮೇಲೆ ಪ್ರಕಟಣೆಗಳ ನಡುವೆ ಕೋಚಿಂಗ್ ಜಾಹೀರಾತು ಬರಲು ಶುರುವಾಗಿತ್ತು, ಅದೂ ಮಗಳಿಗೆ ಅಂಕ ಕಡಿಮೆ ಬಂದ ವಿಷಯದ್ದೇ ಜಾಹೀರಾತು. ಕಾಕತಾಳೀಯ ಇರಬಹುದು. ನಾನಂತೂ ನಂಬುವುದಿಲ್ಲ.

ಹೀಗೆಲ್ಲ ಆಗುತ್ತಾ ಅಂತ ಕೇಳುವವರಿಗೆ: ಆಗಿದೆ. ಎಡ್ಮೋಡೋ ಅನ್ನುವ ಕಲಿಕಾ ವೇದಿಕೆ ಮಕ್ಕಳ ಮಾಹಿತಿಯನ್ನು ಜಾಹೀರಾತಿಗೆ ಬಳಸಿದೆ, ಪೋಷಕರ ಒಪ್ಪಿಗೆ ಪಡೆಯುವ ಕೆಲಸವನ್ನು ಶಾಲೆಗಳ ತಲೆಗೆ ಕಟ್ಟಿದೆ ಅಂತ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಪ್ರಕರಣ ಹೂಡಿತು, 60 ಲಕ್ಷ ಡಾಲರ್ ದಂಡ ಬಿತ್ತು. ಅದಕ್ಕೂ ಮೊದಲು 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಕೊರೋನಾ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ ಕಲಿಕೆಯ ಆ್ಯಪ್ ಮತ್ತು ವೆಬ್‌ಸೈಟ್‌ಗಳನ್ನು ಪರಿಶೀಲಿಸಿತ್ತು. ನೂರಕ್ಕೆ 89ರಷ್ಟು ಉತ್ಪನ್ನಗಳು ಮಾಹಿತಿ ಬಳಸುವ ರೀತಿಯಿಂದ ಮಕ್ಕಳ ಹಕ್ಕಿಗೆ ಧಕ್ಕೆ ಇದೆ ಅಥವಾ ಧಕ್ಕೆಯ ಅಪಾಯ ಇದೆ ಅಂತ ಅದು ಹೇಳಿತು. ಆ್ಯಪ್ ಸ್ಟೋರ್‌ಗಳಲ್ಲಿ ಕಾಣುವ "ನಾವು ಯಾವ ಮಾಹಿತಿ ಪಡೆಯುತ್ತೇವೆ" ಅನ್ನುವ ಪಟ್ಟಿಯನ್ನು ಕಂಪನಿಯವರೇ ಬರೆದುಕೊಳ್ಳುತ್ತಾರೆ ಅನ್ನುವುದೂ ನೆನಪಿರಲಿ. ಆ್ಯಂಡ್ರಾಯ್ಡ್ ಆ್ಯಪ್ ಆದರೆ ಎಕ್ಸೋಡಸ್ ಪ್ರೈವಸಿ ಅನ್ನುವ ಫ್ರಾನ್ಸ್‌ನ ಲಾಭರಹಿತ ಸಂಸ್ಥೆಯ ಸೈಟಿನಲ್ಲಿ ಹೆಸರು ಹಾಕಿ ನೋಡಿ. ಒಳಗೆ ಯಾವ ಟ್ರ್ಯಾಕರ್‌ಗಳಿವೆ, ಅಂದರೆ ನಮ್ಮ ಬಳಕೆಯ ಜಾಡು ಹಿಡಿಯುವ ಯಾವ ಸಾಫ್ಟ್‌ವೇರ್ ತುಣುಕುಗಳಿವೆ ಅಂತ ತೋರಿಸುತ್ತದೆ, ಪುಕ್ಕಟೆ.

ಮುಖ ಗುರುತಿಸಿ ಹಾಜರಿ ಹಾಕುವ ಸೌಲಭ್ಯ ಕೂಡ ಈ ಆ್ಯಪ್‌ನಲ್ಲಿದೆ. ನಮ್ಮ ಶಾಲೆಯವರು ಗೇಟಿನಲ್ಲಿ ಕ್ಯಾಮೆರಾ ಇಡಲು ಹೊರಟಾಗ ಒಪ್ಪಿಗೆ ಪತ್ರ ಕಳಿಸಿದರು. "ಒಪ್ಪುತ್ತೇನೆ" ಅನ್ನುವ ಒಂದೇ ಬಟನ್. ನಾವು ಕೆಲವು ಪೋಷಕರು ಸ್ವೀಡನ್ನಿನ ಶೆಲೆಫ್ಟಿಯೋ ಊರಿನ ಪ್ರಕರಣ ತೋರಿಸಿದೆವು. ಅಲ್ಲಿನ ಒಂದು ಹೈಸ್ಕೂಲಿನಲ್ಲಿ 22 ವಿದ್ಯಾರ್ಥಿಗಳ ಮೇಲೆ ಕೆಲವು ವಾರ ಇದನ್ನೇ ಪ್ರಯೋಗ ಮಾಡಿದ್ದರು. 2019ರಲ್ಲಿ ದೇಶದ ಮಾಹಿತಿ ರಕ್ಷಣಾ ಪ್ರಾಧಿಕಾರ 2 ಲಕ್ಷ ಕ್ರೋನಾ ದಂಡ ಹಾಕಿತು. ಪೋಷಕರು ಒಪ್ಪಿದ್ದರು ಅಂತ ಶಾಲೆ ವಾದಿಸಿತ್ತು. ಶಾಲೆಯ ಕೈಕೆಳಗೆ ಇರುವವರ ಒಪ್ಪಿಗೆ ನಿಜವಾದ ಒಪ್ಪಿಗೆ ಅಲ್ಲ ಅಂತ ಪ್ರಾಧಿಕಾರ ಹೇಳಿತು. ನಾನು ಮೊದಲೇ ಹೇಳಿದ್ದು ಇದೇ ಅಲ್ವಾ? ಬೇಡ ಅನ್ನಲು ದಾರಿಯೇ ಇಲ್ಲದ ಕಡೆ ಹೂಂ ಅಂದಿದ್ದಕ್ಕೆ ಏನು ಬೆಲೆ? ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಮುಖ ಬದಲಾಯಿಸಲು ಆಗುವುದಿಲ್ಲ. ಶಾಲೆಯವರು ಜಗಳಕ್ಕೆ ಬರಲಿಲ್ಲ. ಬೇಡ ಅನ್ನುವವರಿಗೆ ಮಾಮೂಲಿ ಕಾರ್ಡ್ ಕೊಟ್ಟರು. ವರ್ಷ ಮುಗಿಯುವಷ್ಟರಲ್ಲಿ ತರಗತಿಯ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಕೊರಳಲ್ಲಿ ಕಾರ್ಡೇ ಇತ್ತು.

ಫೋಟೋ ವಿಷಯದಲ್ಲೂ ಕೇಳಿದ್ದಕ್ಕೆ ಫಲ ಸಿಕ್ಕಿತು. ಮೊದಲು ಒಂದೇ ಚೌಕ ಇತ್ತು, ಟಿಕ್ ಮಾಡಿದರೆ ಗುಂಪಿನ ಗ್ಯಾಲರಿಯಿಂದ ಶಾಲೆಯ ಜಾಹೀರಾತು ಫಲಕದವರೆಗೆ ಎಲ್ಲಕ್ಕೂ ಒಪ್ಪಿಗೆ. ಈಗ ಮೂರು ಚೌಕ ಮಾಡಿದ್ದಾರೆ: ತರಗತಿಯವರಿಗೆ ಮಾತ್ರ, ಶಾಲೆಯ ಪುಟಕ್ಕೆ, ಪ್ರಚಾರಕ್ಕೆ. ನಾನು ಮೊದಲನೆಯದಕ್ಕೆ ಮಾತ್ರ ಟಿಕ್ ಮಾಡುತ್ತೇನೆ. ಆ ಗ್ಯಾಲರಿಯಿಂದ ಯಾವ ಪೋಷಕರು ಬೇಕಾದರೂ ಡೌನ್‌ಲೋಡ್ ಮಾಡಿ ಎಲ್ಲಿಗೆ ಬೇಕಾದರೂ ಕಳಿಸಬಹುದು ಅನ್ನುವುದು ಬೇರೆ ಮಾತು. ಅದಕ್ಕೆ ಆ್ಯಪ್‌ನಲ್ಲಿ ಮದ್ದಿಲ್ಲ.

ಈಗ ಎರಡು ಅಂಕ ಯಾಕೆ ಕಳೆದೆ ಅಂತ ಹೇಳುತ್ತೇನೆ. ಈ ಆ್ಯಪ್‌ಗೆ ಕೂಡಿಸಿಡಲು ಬರುತ್ತದೆ, ಅಳಿಸಲು ಬರುವುದಿಲ್ಲ. ಗೆಳತಿಯೊಬ್ಬಳು ಮಗನನ್ನು ಬೇರೆ ಶಾಲೆಗೆ ಸೇರಿಸಿ ವರ್ಷಗಳಾದವು. ಹಳೆಯ ಶಾಲೆಯಿಂದ ಅವಳಿಗೆ ಇವತ್ತಿಗೂ "ನಾಳೆ ರಜೆ" ಅಂತ ಸಂದೇಶ ಬರುತ್ತದೆ. ಆ್ಯಪ್ ತೆಗೆದುಹಾಕಿದರೂ ಎಸ್ಸೆಮ್ಮೆಸ್ ಬರುತ್ತದೆ. ಕೇಳಿದರೆ ನಗು ಬರುತ್ತದೆ, ಆದರೆ ಅವಳ ಮಗನ ಎಲ್ಲ ವಿವರವೂ ಅಲ್ಲೇ ಇದೆ ಅಂತ ತಾನೇ ಇದರ ಅರ್ಥ? ಫೋನಿನಿಂದ ಆ್ಯಪ್ ಕಿತ್ತರೆ ಸರ್ವರ್‌ನಿಂದ ಏನೂ ಹೋಗುವುದಿಲ್ಲ. ಟಿಸಿ ಕೊಟ್ಟಷ್ಟಕ್ಕೇ ಮಾಹಿತಿ ಅಳಿಯುವುದೂ ಇಲ್ಲ.

ಹೀಗೆ ಇಟ್ಟುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಪವರ್‌ಸ್ಕೂಲ್ ಪ್ರಕರಣ ನೋಡಿ. ಉತ್ತರ ಅಮೆರಿಕದ ಸಾವಿರಾರು ಶಾಲೆಗಳು ಬಳಸುವ ವ್ಯವಸ್ಥೆ ಅದು. 2024ರ ಡಿಸೆಂಬರ್‌ನಲ್ಲಿ ಕಳ್ಳರು ಕದ್ದ ಲಾಗಿನ್ ಒಂದನ್ನು ಬಳಸಿ ಒಳನುಗ್ಗಿದರು. ಕೆನಡಾದ ಟೊರಾಂಟೊ ಜಿಲ್ಲಾ ಶಾಲಾ ಮಂಡಳಿ ತನ್ನ ಲೆಕ್ಕ ತೆಗೆದು ನೋಡಿದಾಗ 1985ರಿಂದ ಓದಿದವರ ಮಾಹಿತಿಯೂ ಸೋರಿದ ಪಟ್ಟಿಯಲ್ಲಿತ್ತು. ಆಗ ಶಾಲೆಗೆ ಹೋಗುತ್ತಿದ್ದವರಿಗೆ ಈಗ ಮಕ್ಕಳಿದ್ದಾರೆ. ಕದ್ದದ್ದನ್ನು ಅಳಿಸಿಬಿಡುತ್ತೇವೆ ಅಂತ ಕಳ್ಳರು ಅಂದ ಮಾತು ನಂಬಿ ಪವರ್‌ಸ್ಕೂಲ್ ಹಣ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಅದೇ ಮಾಹಿತಿ ಇಟ್ಟುಕೊಂಡು ಶಾಲಾ ಮಂಡಳಿಗಳಿಗೆ ಮತ್ತೆ ಬೆದರಿಕೆ ಬಂತು. ಒಳನುಗ್ಗಿದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡವನು 19 ವರ್ಷದ ಕಾಲೇಜು ವಿದ್ಯಾರ್ಥಿ. ಅಂಕಪಟ್ಟಿ, ಶಾಲೆ ಬಿಟ್ಟ ದಾಖಲೆ ಬಹಳ ಕಾಲ ಇರಬೇಕು, ಅದಕ್ಕೆ ತಕರಾರಿಲ್ಲ. ಎರಡನೇ ತರಗತಿಯ ಹೊಟ್ಟೆನೋವಿನ ಟಿಪ್ಪಣಿ, ಕೆಂಪು ಚುಕ್ಕೆ, ಬಸ್ ಹತ್ತಿದ ಸಮಯ ಯಾಕಿರಬೇಕು? ಇಲ್ಲದ ಮಾಹಿತಿಯನ್ನು ಯಾರೂ ಕದಿಯಲು ಆಗುವುದಿಲ್ಲ.

ಆ ಸ್ಪ್ರೆಡ್‌ಶೀಟ್‌ಗಳನ್ನು ಹಿಡಿದುಕೊಂಡು ಶಾಲೆಗೆ ಎರಡನೇ ಪತ್ರ ಬರೆದೆ. ಸಿಟ್ಟಿನಲ್ಲಿ ಬರೆಯಲಿಲ್ಲ, ಯಾವುದನ್ನು ಅಳಿಸಬೇಕು ಅಂತ ಹಾಳೆ, ಸಾಲು ಸಮೇತ ಬರೆದೆ. ಪಕ್ಕದ ಮನೆಯವರ ನಂಬರ್ ಹೋಯಿತು. ಅಜ್ಜಿಯ ಗುರುತಿನ ಸಂಖ್ಯೆ ಹೋಯಿತು, ಫೋಟೋ ಉಳಿಯಿತು, ಅದು ಗೇಟಿನಲ್ಲಿ ಬೇಕಾಗುತ್ತದೆ. ಹಿಂದಿನ ವರ್ಷಗಳ ನಡತೆಯ ಸಾಲುಗಳು ಹೊಸ ಟೀಚರ್‌ಗಳಿಗೆ ಕಾಣದಂತೆ ಮಾಡಿದ್ದಾರೆ, ಅಳಿಸಿಲ್ಲ. ಅಳಿಸುವ ಬಟನ್ ಕಂಪನಿಯ ಹತ್ತಿರ ಮಾತ್ರ ಇದೆಯಂತೆ. ನನ್ನ ಲಾಗಿನ್ ದಾಖಲೆಯ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ.

ಹೊಸದಾಗಿ ಆ್ಯಪ್ ಹಾಕಿಕೊಳ್ಳುವವರು ಮೊದಲ ದಿನವೇ ಸೆಟ್ಟಿಂಗ್ಸ್‌ನಲ್ಲಿ "ಪಾಲುದಾರರ ಕೊಡುಗೆಗಳು" ಅನ್ನುವುದನ್ನು ಆಫ್ ಮಾಡಿ, ಅದು ತಾನಾಗಿಯೇ ಆನ್ ಆಗಿರುತ್ತದೆ. ಕರೆದೊಯ್ಯುವವರ ಪಟ್ಟಿಯನ್ನು ವರ್ಷಕ್ಕೊಮ್ಮೆ ನೀವೇ ನೋಡಿ. ಶಾಲೆ ಬಿಡಿಸುವಾಗ ಟಿಸಿ ಅರ್ಜಿಯ ಜೊತೆಗೇ ಮಾಹಿತಿ ಅಳಿಸುವ ಪತ್ರವನ್ನೂ ಕೊಡಿ. ಆಮೇಲೆ ಕೇಳಿದರೆ ಯಾರೂ ಸಿಗುವುದಿಲ್ಲ.

ಇತ್ತೀಚಿನ ಅಪ್‌ಡೇಟ್‌ನಲ್ಲಿ ಹೊಸದೊಂದು ಸೇರಿದೆ. ಮಗುವಿನ ಅಂಕ, ಹಾಜರಿ, ನಡತೆ ಎಲ್ಲವನ್ನೂ ಓದಿ ಎಐ ಒಂದು ಪ್ಯಾರಾ ಬರೆದುಕೊಡುತ್ತದೆ. ನನ್ನ ಮಗಳ ಬಗ್ಗೆ "ಗಮನ ಬೇಗ ಚದುರುವ ಪ್ರವೃತ್ತಿ ಇದೆ" ಅಂತ ಬರೆದಿದೆ. ಟೀಚರ್‌ಗಳಿಗೆ ಕಾಣದಂತೆ ಮಾಡಿದ್ದ ಆ ಎರಡನೇ ತರಗತಿಯ ಸಾಲನ್ನು ಇದು ಓದಿದೆಯಾ ಅಂತ ಶಾಲೆಗೆ ಬರೆದು ಕೇಳಿದ್ದೇನೆ. ಸದ್ಯಕ್ಕೆ ಆಫ್ ಮಾಡಿಟ್ಟಿದ್ದೇನೆ, ಸೆಟ್ಟಿಂಗ್ಸ್‌ನ ಮೂರನೇ ಪುಟದಲ್ಲಿ ಕೆಳಗಡೆ ಸಿಗುತ್ತದೆ. ಉತ್ತರ ಬಂದ ಮೇಲೆ ಈ ವಿಮರ್ಶೆಗೆ ಸೇರಿಸುತ್ತೇನೆ, ಅಂಕವನ್ನೂ ಆಗ ನೋಡೋಣ.