ಕಪ್ಪು ವೈಸರ್, ತಿಳಿ ಸ್ಮೋಕ್, ಒಳಗಿನ ಸನ್‌ಶೀಲ್ಡ್: ಐದನ್ನೂ ಹಾಕಿ ಓಡಿಸಿದ ಮೇಲೆ

ಹೆಲ್ಮೆಟ್‌ನ ಮುಂದಿನ ವೈಸರ್‌ಗೆ ಕಪ್ಪು ಗ್ಲಾಸ್ ಹಾಕಿಸಬಹುದಾ, ಹಿಡಿದರೆ ದಂಡ ಬೀಳುತ್ತಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಎಷ್ಟು ಕಪ್ಪು? ಅರ್ಧ ಬೆಳಕು ಬಿಡುವುದನ್ನೂ ಕಪ್ಪು ಅಂತಾರೆ, ಐದರಲ್ಲಿ ಒಂದು ಪಾಲು ಕೂಡ ಬಿಡದಿರುವುದನ್ನೂ ಕಪ್ಪು ಅಂತಾರೆ. ಎರಡಕ್ಕೂ ಅಜಗಜಾಂತರ. ಕಾನೂನು ಲೆಕ್ಕ ಹಾಕುವುದು ಮುಖ್ಯವಾಗಿ ಎಷ್ಟು ಶೇಕಡಾ ಬೆಳಕು ಕಣ್ಣಿಗೆ ತಲುಪುತ್ತದೆ ಅನ್ನುವುದರ ಮೇಲೆ.

ನಾನು ಐದು ದಾರಿ ಪ್ರಯತ್ನಿಸಿದೆ. ಕಡು ಕಪ್ಪು ವೈಸರ್, 50 ಶೇಕಡಾ ಬೆಳಕು ಬಿಡುವ ತಿಳಿ ಸ್ಮೋಕ್ ಅಂದರೆ ತಿಳಿ ಹೊಗೆ ಬಣ್ಣದ ವೈಸರ್, ಪಾರದರ್ಶಕ ವೈಸರ್ ಒಳಗೆ ಕೂಲಿಂಗ್ ಗ್ಲಾಸ್, ಹೆಲ್ಮೆಟ್ ಒಳಗಿನಿಂದ ಇಳಿಯುವ ಸನ್‌ಶೀಲ್ಡ್, ಕೊನೆಗೆ ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್. ಸನ್‌ಶೀಲ್ಡ್‌ಗೆ ಬೇರೆ ಹೆಲ್ಮೆಟ್ ಬೇಕಾಯಿತು, ಉಳಿದ ನಾಲ್ಕೂ ಒಂದೇ ಹೆಲ್ಮೆಟ್‌ನಲ್ಲಿ. ದಾರಿ ಮಾತ್ರ ದಿನಾ ಅದೇ: ಬೆಳಗ್ಗೆ ಎದುರು ಬಿಸಿಲಿನ ಬಯಲು ರಸ್ತೆ, ಆಮೇಲೆ ಹಳೇ ಮರಗಳ ನೆರಳು, ಆಮೇಲೆ ಒಂದು ಅಂಡರ್‌ಪಾಸ್. ವಾಪಸ್ ಬರುವಾಗ ಮುಸ್ಸಂಜೆ. ವೈಸರ್‌ನ ಗುಣ ಗೊತ್ತಾಗುವುದು ಬಯಲಿನಲ್ಲಿ ಅಲ್ಲ, ಆ ನೆರಳಿನಲ್ಲಿ ಮತ್ತು ಅಂಡರ್‌ಪಾಸ್ ಬಾಯಲ್ಲಿ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಯುರೋಪಿನಲ್ಲೂ ಅದನ್ನು ಒಪ್ಪಿಕೊಂಡ ಬೇರೆ ದೇಶಗಳಲ್ಲೂ ಬಹಳ ಕಾಲ ನಡೆದ ಹೆಲ್ಮೆಟ್ ಸುರಕ್ಷತೆಯ ಇಸಿಇ 22.05 ನಿಯಮದಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ವೈಸರ್ ಕನಿಷ್ಠ 80 ಶೇಕಡಾ ಬೆಳಕು ಬಿಡಬೇಕಿತ್ತು. 80ಕ್ಕಿಂತ ಕಡಿಮೆ, ಆದರೆ 50ಕ್ಕಿಂತ ಕೆಳಗಿಳಿಯದ ವೈಸರ್‌ಗೂ ಅವಕಾಶ ಇತ್ತು, ಆದರೆ ಅದರ ಮೇಲೆ ಹಗಲಿಗೆ ಮಾತ್ರ ಅನ್ನುವ ಗುರುತು ಇರಲೇಬೇಕಿತ್ತು. 2021ರ ಜನವರಿಯಲ್ಲಿ ಅದರ ಮುಂದಿನ ಆವೃತ್ತಿ 22.06 ಜಾರಿಗೆ ಬಂತು, ಹಾಗಾಗಿ ಈಗ ಹೊಸ ಹೆಲ್ಮೆಟ್ ನೋಡುವವರಿಗೆ ಎರಡೂ ಸಂಖ್ಯೆ ಕಣ್ಣಿಗೆ ಬೀಳಬಹುದು. ಬ್ರಿಟನ್‌ನಲ್ಲಿ ಕಣ್ಣಿನ ರಕ್ಷಣೆಗೇ 1999ರ ಪ್ರತ್ಯೇಕ ನಿಯಮ ಇದೆ. ಅಲ್ಲಿ 50 ಶೇಕಡಾಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರ್ ಹಾಕಿಕೊಂಡು ರಸ್ತೆಗಿಳಿಯುವಂತಿಲ್ಲ, ನಡುಮಧ್ಯಾಹ್ನವೇ ಆದರೂ. ಅಮೆರಿಕದಲ್ಲಿ ಹೆಲ್ಮೆಟ್‌ಗೆ ಇಡೀ ದೇಶಕ್ಕೆ ಒಂದೇ ಮಾನದಂಡ ಇದ್ದರೂ ಅದು ವೈಸರ್ ಬಗ್ಗೆ ಮಾತಾಡುವುದಿಲ್ಲ. ಕಣ್ಣಿನ ರಕ್ಷಣೆ ರಾಜ್ಯಗಳಿಗೆ ಬಿಟ್ಟ ವಿಷಯ, ಕತ್ತಲಾದ ಮೇಲೆ ಬಣ್ಣದ ಗ್ಲಾಸ್ ಬೇಡ ಅನ್ನುವ ರಾಜ್ಯಗಳಿವೆ. ಭಾರತದಲ್ಲಿ ಕಾರಿನ ಗಾಜಿಗೆ ಮುಂದೆ ಹಿಂದೆ 70, ಪಕ್ಕಕ್ಕೆ 50 ಅನ್ನುವ ಲೆಕ್ಕ ಇದೆ ಅಲ್ವಾ, ಅದನ್ನೇ ಹೆಲ್ಮೆಟ್‌ಗೂ ಹಚ್ಚಿ ಹೇಳುವವರನ್ನು ಕೇಳಿದ್ದೇನೆ. ಅದು ವಾಹನದ ಗಾಜಿನ ನಿಯಮ, ತಲೆ ಮೇಲಿನ ವೈಸರ್‌ಗೆ ಬರೆದದ್ದಲ್ಲ.

ನಿಮ್ಮ ವೈಸರ್ ಯಾವ ಗುಂಪಿನದು ಅಂತ ತಿಳಿಯಲು ಅದನ್ನು ಕಳಚಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಂಚಿನಲ್ಲಿ, ಸಾಮಾನ್ಯವಾಗಿ ಮೇಲಿನ ಮೂಲೆಯಲ್ಲೋ ಪಕ್ಕದಲ್ಲೋ, ಬೆರಳಿಗೆ ತಾಗುವಷ್ಟೇ ಉಬ್ಬಿದ ಪುಟ್ಟ ಅಕ್ಷರಗಳು ಇರುತ್ತವೆ. ಒಂದು ವೃತ್ತ, ಒಳಗೆ ಇಂಗ್ಲಿಷಿನ ಇ ಅಕ್ಷರ ಮತ್ತು ಒಂದು ಅಂಕಿ. ಆ ಅಂಕಿ ಒಪ್ಪಿಗೆ ಕೊಟ್ಟ ದೇಶದ್ದು: 1 ಜರ್ಮನಿ, 2 ಫ್ರಾನ್ಸ್, 3 ಇಟಲಿ, 11 ಬ್ರಿಟನ್. ಪಕ್ಕದ ಸಂಖ್ಯೆ 05 ಅಂತಲೋ 06 ಅಂತಲೋ ಶುರುವಾದರೆ ಯಾವ ಆವೃತ್ತಿ ಅಂತ ಗೊತ್ತಾಗುತ್ತದೆ. ತಿಳಿ ಸ್ಮೋಕ್ ಆದರೆ ಅಲ್ಲೇ ಡೇಟೈಮ್ ಯೂಸ್ ಓನ್ಲಿ ಅಂತ ಇರುತ್ತದೆ. ನನ್ನ ಕಡು ಕಪ್ಪು ವೈಸರ್‌ನಲ್ಲಿ ವೃತ್ತವೂ ಇರಲಿಲ್ಲ, ಒಪ್ಪಿಗೆ ಸಂಖ್ಯೆಯೂ ಇರಲಿಲ್ಲ. ರಸ್ತೆಗಲ್ಲ, ರೇಸಿಗೆ ಅಂತ ಒಂದು ಸಾಲು ಮಾತ್ರ ಇತ್ತು. ಅದನ್ನು ನಾನು ಓದಿದ್ದು ಎರಡು ತಿಂಗಳು ಓಡಿಸಿದ ಮೇಲೆ.

ಆ ಎರಡು ತಿಂಗಳಲ್ಲಿ ಬಯಲಿನ ಸುಖ ನಿಜಕ್ಕೂ ಸುಖವೇ. ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡುವ ಕೆಲಸ ಇಲ್ಲ, ಹಣೆ ಬಿಗಿಯುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದ ತಲೆನೋವು ನಿಂತುಹೋಗಿತ್ತು. ಆದರೆ ಮರಗಳ ನೆರಳಿಗೆ ಬಂದ ಕೂಡಲೇ ರಸ್ತೆ ಮುಖ ಮುಚ್ಚಿಕೊಂಡ ಹಾಗೆ ಆಗುತ್ತಿತ್ತು. ಬಿಸಿಲಿನ ಚುಕ್ಕಿಗಳು ಕಾಣುತ್ತವೆ, ಚುಕ್ಕಿಗಳ ನಡುವೆ ಏನಿದೆ ಅಂತ ಕಾಣುವುದಿಲ್ಲ. ಒಂದು ದಿನ ಅಲ್ಲಿದ್ದ ಗುಂಡಿ ನನಗೆ ಗೊತ್ತಾಗಿದ್ದು ಮುಂದಿನ ಚಕ್ರ ಅದರೊಳಗೆ ಬಿದ್ದು ಹ್ಯಾಂಡಲ್ ಮಣಿಕಟ್ಟಿಗೆ ಹೊಡೆದಾಗ. ಬೀಳಲಿಲ್ಲ. ವಾಪಸ್ ಹೋಗಿ ನಿಂತು ನೋಡಿದೆ, ಊಟದ ತಟ್ಟೆಯಷ್ಟು ಅಗಲದ ಗುಂಡಿ, ಬರಿಗಣ್ಣಿಗೆ ಇಪ್ಪತ್ತು ಹೆಜ್ಜೆ ದೂರದಿಂದಲೇ ಕಾಣುತ್ತಿತ್ತು.

ಮುಸ್ಸಂಜೆಯ ಕಥೆ ಇನ್ನೂ ಕೆಟ್ಟದು. ಕಪ್ಪು ವೈಸರ್ ಹಾಕಿದವರೆಲ್ಲ ಕತ್ತಲಾದರೆ ಎತ್ತಿಕೊಂಡು ಓಡಿಸ್ತೀನಿ ಅಂತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಎತ್ತಿದರೆ ಧೂಳು, ಹುಳ, ಮುಂದಿನ ಲಾರಿಯಿಂದ ಹಾರುವ ಮರಳು. ವೈಸರ್ ಇರುವುದು ಇದಕ್ಕೇ, ಇದು ಬೇಕಾಗುವ ಹೊತ್ತಿನಲ್ಲೇ ಅದನ್ನು ತೆಗೆದಿಡಬೇಕು ಅಂದರೆ ಆ ವೈಸರ್ ಇದ್ದೂ ಇಲ್ಲದ ಹಾಗೆ. ಒಮ್ಮೆ ಕಣ್ಣಿಗೆ ಹುಳ ಬಡಿದು ಒಂದೇ ಕಣ್ಣಲ್ಲಿ ರಸ್ತೆ ಪಕ್ಕಕ್ಕೆ ಬಂದು ನಿಲ್ಲಿಸಿದೆ. ಆಮೇಲೆ ಅದನ್ನು ಹಾಕಲಿಲ್ಲ.

ಅಲ್ಲಿಂದ ನನ್ನ ಅಳತೆಗೋಲು ಬದಲಾಯಿತು. ಎಷ್ಟು ಕಪ್ಪು ಅನ್ನುವುದಕ್ಕಿಂತ, ಆ ಕಪ್ಪನ್ನು ಎಷ್ಟು ಬೇಗ ಕಣ್ಣ ಮುಂದಿನಿಂದ ಸರಿಸಬಹುದು ಅನ್ನುವುದು ಮುಖ್ಯ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತೇವೆ. ಮೂರು ಸೆಕೆಂಡು ತಡಕಾಡಿದರೆ 50 ಮೀಟರ್. ಬಿಸಿಲಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು 20 ರಿಂದ 30 ನಿಮಿಷ ಬೇಕು, ಅಂಡರ್‌ಪಾಸ್‌ನಲ್ಲಿ ಇರುವುದೇ ಕೆಲವು ಸೆಕೆಂಡು. ಅಷ್ಟರಲ್ಲಿ ಕಣ್ಣಿಗೆ ಎಷ್ಟು ಬೆಳಕು ಸಿಕ್ಕಿತೋ ಅಷ್ಟೇ ಗತಿ.

ತಿಳಿ ಸ್ಮೋಕ್ ಬಗ್ಗೆ ನನಗೆ ಮೊದಲು ಅಷ್ಟು ನಂಬಿಕೆ ಇರಲಿಲ್ಲ. 50 ಶೇಕಡಾ ಅಂದರೆ ಕೇಳಲು ಅರ್ಧಕ್ಕರ್ಧ, ಕಣ್ಣಿಗೆ ಮಾತ್ರ ಅಷ್ಟು ಅನ್ನಿಸುವುದೇ ಇಲ್ಲ. ನಮ್ಮ ಕಣ್ಣು ಬೆಳಕನ್ನು ನೇರ ಅನುಪಾತದಲ್ಲಿ ಅಳೆಯುವುದಿಲ್ಲ, ಅರ್ಧ ಬೆಳಕು ಕಳೆದರೂ ಸ್ವಲ್ಪ ಮೋಡ ಬಂದ ಹಾಗೆ ಇರುತ್ತದೆ ಅಷ್ಟೇ. ಕೂಲಿಂಗ್ ಗ್ಲಾಸ್‌ಗಳಿಗೆ 0 ಯಿಂದ 4 ರವರೆಗೆ ವರ್ಗ ಕೊಡುತ್ತಾರೆ, ಆ ಲೆಕ್ಕದಲ್ಲಿ 43 ರಿಂದ 80 ಶೇಕಡಾ ಬಿಡುವುದು ವರ್ಗ 1. ಅಂದರೆ ಇಸಿಇ 22.05 ಒಪ್ಪುತ್ತಿದ್ದ ಅತಿ ಕಪ್ಪು ವೈಸರ್ ಕೂಡ ತೀರಾ ತಿಳಿಯಾದ ಕೂಲಿಂಗ್ ಗ್ಲಾಸ್‌ಗೆ ಸಮ. ಬಯಲಿನ ಎದುರು ಬಿಸಿಲಿಗೆ ಇದು ಸಾಲದು. ಆದರೆ ಮರದ ನೆರಳಿನಲ್ಲಿ ಗುಂಡಿ ಕಾಣುತ್ತದೆ, ಅಂಡರ್‌ಪಾಸ್‌ನಲ್ಲಿ ಮುಂದಿನ ಗಾಡಿಯ ಆಕಾರ ಪೂರ್ತಿ ಕಾಣುತ್ತದೆ, ದಿನವಿಡೀ ಹಾಕಿಕೊಂಡರೂ ಎಲ್ಲೂ ಎದೆ ಧಸಕ್ ಅನ್ನಲಿಲ್ಲ. ತೊಂದರೆ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಹಗಲಿಗೆ ಮಾತ್ರ ಅಂತ ಬರೆದಿರುವುದು ಸುಮ್ನೆ ಅಲ್ಲ. ಎದುರಿನ ಹೆಡ್‌ಲೈಟ್ ಆರಾಮಾಗಿ ಕಾಣುತ್ತದೆ, ಅದರ ಪಕ್ಕ ನಡೆದು ಬರುತ್ತಿರುವ ಮನುಷ್ಯ ಕಾಣುವುದಿಲ್ಲ. ಹಾಗಾಗಿ ಇದನ್ನು ಕೊಂಡವರು ಪಾರದರ್ಶಕ ವೈಸರನ್ನೂ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಳ್ಳಲೇಬೇಕು. ನನ್ನ ಹೆಲ್ಮೆಟ್‌ನಲ್ಲಿ ಬದಲಾಯಿಸಲು ಒಂದು ನಿಮಿಷ ಸಾಕು, ಆದರೆ ಸಂಜೆ ಗಡಿಬಿಡಿಯಲ್ಲಿ ಆ ಒಂದು ನಿಮಿಷ ನಿಲ್ಲಲು ಮನಸ್ಸು ಬರುವುದಿಲ್ಲ, ಅದೇ ಇದರ ನಿಜವಾದ ಕೊರತೆ.

ಪಾರದರ್ಶಕ ವೈಸರ್ ಮತ್ತು ಕೂಲಿಂಗ್ ಗ್ಲಾಸ್ ಜೋಡಿ ಬಹಳ ಜನರ ಆಯ್ಕೆ. ಇಲ್ಲಿ ಒಂದು ವಿಚಿತ್ರ ಇದೆ. ವರ್ಗ 3ರ ಕೂಲಿಂಗ್ ಗ್ಲಾಸ್ 8 ರಿಂದ 18 ಶೇಕಡಾ ಬೆಳಕು ಮಾತ್ರ ಬಿಡುತ್ತದೆ, ಆದರೂ ಹಗಲಲ್ಲಿ ಹಾಕಿಕೊಂಡು ಗಾಡಿ ಓಡಿಸಬಹುದು. ವರ್ಗ 4ನ್ನು ಮಾತ್ರ ವಾಹನ ಓಡಿಸಲು ಬಳಸುವಂತಿಲ್ಲ. ಹಾಗಾದರೆ 20 ಶೇಕಡಾದ ವೈಸರ್‌ಗೆ ಯಾಕೆ ಬೇಡ ಅಂತಾರೆ ಅಂತ ನಾನೂ ಸಿಟ್ಟು ಮಾಡಿಕೊಂಡಿದ್ದೆ. ಗ್ಲಾಸ್ ತೆಗೆದರೂ ವೈಸರ್ ಮುಖದ ಮೇಲೇ ಇರುತ್ತದೆ, ಕಪ್ಪು ವೈಸರ್ ತೆಗೆದರೆ ರಕ್ಷಣೆಯೂ ಅದರ ಜೊತೆ ಹೋಗುತ್ತದೆ. ಹುಳ ಬಡಿದ ಸಂಜೆಯ ನಂತರ ಈ ವ್ಯತ್ಯಾಸ ನನಗೆ ಒಪ್ಪಿಗೆಯಾಯಿತು. ಬಳಕೆಯಲ್ಲಿ ಮಾತ್ರ ಇದು ನನಗೆ ಒಗ್ಗಲಿಲ್ಲ. ಗ್ಲಾಸಿನ ಕಡ್ಡಿ ನೇರವಾಗಿ, ತೆಳ್ಳಗೆ ಇಲ್ಲದಿದ್ದರೆ ಹೆಲ್ಮೆಟ್‌ನ ಪ್ಯಾಡ್ ಅದನ್ನು ಕಿವಿ ಮೇಲೆ ಒತ್ತುತ್ತದೆ, ಮುಕ್ಕಾಲು ಗಂಟೆಯಲ್ಲಿ ನೋವು. ತೆಗೆಯಬೇಕಾದರೆ ನಿಲ್ಲಿಸಬೇಕು. ಪೋಲರೈಸ್ಡ್ ಗ್ಲಾಸ್ (ಪ್ರತಿಫಲನದ ಹೊಳಪು ತಡೆಯುವಂಥದ್ದು) ಹಾಕಿದ ದಿನ ವೈಸರ್ ತುಂಬ ಕಾಮನಬಿಲ್ಲಿನ ಪಟ್ಟೆಗಳು ಕಂಡವು, ವೈಸರ್‌ನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಒಳಗಿನ ಒತ್ತಡ ಹಾಗೆ ಬಣ್ಣವಾಗಿ ಕಾಣುತ್ತದಂತೆ. ಜೊತೆಗೆ ತಲೆ ಓರೆ ಮಾಡಿದಾಗ ಮೀಟರಿನ ಡಿಜಿಟಲ್ ಪರದೆ ಕಪ್ಪಾಗಿ ಹೋಯಿತು. ಪವರ್ ಇರುವ ಕನ್ನಡಕ ಹಾಕುವವರಿಗೆ ಕಷ್ಟ ಇನ್ನೂ ಜಾಸ್ತಿ.

ಬಿಸಿಲಿನ ಅಪಾಯಕಾರಿ ನೇರಳಾತೀತ ಕಿರಣಗಳನ್ನು ತಡೆಯಲು ಕಪ್ಪು ಬೇಕು ಅನ್ನುವ ವಾದವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವೈಸರ್ ಮಾಡುವ ಪಾಲಿಕಾರ್ಬೊನೇಟ್ ಪಾರದರ್ಶಕವಾಗಿದ್ದರೂ ಆ ಕಿರಣಗಳನ್ನು ಬಹುಪಾಲು ತಡೆಯುತ್ತದೆ. ಕಪ್ಪು ಬಣ್ಣ ಕಣ್ಣು ಕುಕ್ಕದ ಹಾಗೆ ಮಾಡುತ್ತದೆ, ಅಷ್ಟೇ. ಹಳದಿ ವೈಸರ್ ರಾತ್ರಿಗೆ ಒಳ್ಳೆಯದು ಅನ್ನುವುದನ್ನೂ ನಂಬಬೇಡಿ. 2019ರಲ್ಲಿ ಪ್ರಕಟವಾದ ಒಂದು ಡ್ರೈವಿಂಗ್ ಸಿಮ್ಯುಲೇಟರ್ ಪ್ರಯೋಗದಲ್ಲಿ, ಹಳದಿ ಗ್ಲಾಸ್ ಹಾಕಿದವರಿಗೆ ರಾತ್ರಿ ಪಾದಚಾರಿಗಳು ಬೇಗ ಕಂಡದ್ದೇನೂ ಇಲ್ಲ. ಮಂಜಿನ ಬೆಳಗಿನಲ್ಲಿ ನೋಡಲು ಹಿತ ಅನ್ನಿಸಬಹುದು, ಆದರೆ ಹಿತ ಬೇರೆ, ಕಾಣುವುದು ಬೇರೆ.

ಫೋಟೋಕ್ರೋಮಿಕ್ ಬಗ್ಗೆ ನನಗೆ ಬಹಳ ಆಸೆ ಇತ್ತು. ಬಿಸಿಲಿನಲ್ಲಿ ಅಂಗೈ ಒತ್ತಿಟ್ಟು ಒಂದು ನಿಮಿಷ ಬಿಟ್ಟು ತೆಗೆದರೆ ವೈಸರ್ ಮೇಲೆ ಬಿಳಿ ಅಂಗೈ ಅಚ್ಚೊತ್ತಿರುತ್ತದೆ, ಐದೂ ಬೆರಳು ಸ್ಪಷ್ಟವಾಗಿ, ಆಮೇಲೆ ನಿಧಾನಕ್ಕೆ ಅದೂ ಕಪ್ಪಿನಲ್ಲಿ ಕರಗುತ್ತದೆ. ನೋಡಲು ತುಂಬಾ ಚೆಂದ. ಆ ಅಂಗೈ ಕರಗಲು ಹಿಡಿಯುವ ಹೊತ್ತೇ ಇದರ ಸಮಸ್ಯೆ ಕೂಡ. ಕಪ್ಪಾಗುವುದಕ್ಕಿಂತ ತಿಳಿಯಾಗುವುದು ನಿಧಾನ. ನಮ್ಮ ಅಂಡರ್‌ಪಾಸ್ ಎರಡು ತುದಿ ದಾಟಿ ಹೊರಬಂದರೂ ವೈಸರ್ ಇನ್ನೂ ಬಿಸಿಲಿನ ಕಪ್ಪಿನಲ್ಲೇ ಇತ್ತು. ಸಂಜೆ ಹಾಗಲ್ಲ. ಬೆಳಕು ಮೆಲ್ಲಗೆ ಇಳಿಯುವಾಗ ಅದೂ ಜೊತೆಗೇ ತಿಳಿಯಾಗುತ್ತಾ ಬರುತ್ತದೆ, ಬ್ಯಾಗಿನಲ್ಲಿ ಎರಡನೇ ವೈಸರ್ ಬೇಡವೇ ಬೇಡ. ಇನ್ನೊಂದು ವಿಷಯ, ಸೆಕೆ ಜಾಸ್ತಿ ಇದ್ದ ದಿನ ಅದು ಅಷ್ಟು ಕಪ್ಪಾಗುವುದಿಲ್ಲ, ಚಳಿಯಲ್ಲಿ ಚೆನ್ನಾಗಿ ಕಪ್ಪಾಗುತ್ತದೆ. ಆ ರಾಸಾಯನಿಕದ ಗುಣವೇ ಹಾಗೆ. ಇದನ್ನು ಕೊಳ್ಳುವವರೂ ಒಪ್ಪಿಗೆಯ ವೃತ್ತ ಇದೆಯಾ ಅಂತ ನೋಡಿಯೇ ಕೊಳ್ಳಿ, ತಾನೇ ಬದಲಾಗುತ್ತದೆ ಅಂದ ಮಾತ್ರಕ್ಕೆ ನಿಯಮದಿಂದ ವಿನಾಯಿತಿ ಸಿಗುವುದಿಲ್ಲ.

ಇನ್ನು ಒಳಗಿನ ಸನ್‌ಶೀಲ್ಡ್. ಹೊರಗಡೆ ಪಾರದರ್ಶಕ ವೈಸರ್, ಒಳಗಡೆ ಮೂಗಿನವರೆಗೆ ಇಳಿಯುವ ಪುಟ್ಟ ಕಪ್ಪು ಗ್ಲಾಸ್, ಅದನ್ನು ಏರಿಸಿ ಇಳಿಸಲು ಹೆಲ್ಮೆಟ್ ಪಕ್ಕದಲ್ಲೋ ಗಲ್ಲದ ಕೆಳಗೋ ಒಂದು ಲಿವರ್. ಇದು ಹೊರಗಿನ ವೈಸರ್‌ಗಿಂತ ಕಪ್ಪಾಗಿರಲು ನಿಯಮಗಳು ಅವಕಾಶ ಕೊಡುತ್ತವೆ, ಕೈ ಎತ್ತಿದರೆ ಕಪ್ಪು ಹೋಗುತ್ತದೆ, ಮುಖದ ಮೇಲಿನ ರಕ್ಷಣೆ ಹಾಗೇ ಉಳಿಯುತ್ತದೆ. ಬಯಲಿನಲ್ಲಿ ಕಡು ಕಪ್ಪು ವೈಸರ್ ಕೊಟ್ಟ ಸುಖವನ್ನು ಹೆಚ್ಚೂಕಡಿಮೆ ಇದೂ ಕೊಟ್ಟಿತು. ಮರಗಳ ಸಾಲಿಗೆ ಮೊದಲೇ ಎಡಗೈ ಹೆಬ್ಬೆರಳು ಲಿವರ್‌ಗೆ ಹೋಗುವುದು ಮೂರು ದಿನದಲ್ಲಿ ಅಭ್ಯಾಸವಾಯಿತು.

ಕುಂದು ಇಲ್ಲದೇ ಇಲ್ಲ. ಗ್ಲಾಸ್ ಗಲ್ಲದವರೆಗೆ ಬರುವುದಿಲ್ಲವಲ್ಲ, ಕೆಳಗೆ ಒಂದು ಬೆರಳಗಲ ಬಿಳಿ ಬೆಳಕಿನ ಪಟ್ಟಿ ಉಳಿಯುತ್ತದೆ, ಟ್ಯಾಂಕ್ ಮೇಲಿನ ಬಿಸಿಲು ಅಲ್ಲಿಂದಲೇ ಚುಚ್ಚುತ್ತದೆ. ಮೂಗು ಉದ್ದ ಇದ್ದವರಿಗೆ ಅಂಚು ತಾಗುತ್ತದೆ. ಮಳೆಯಲ್ಲಿ ಉಸಿರಿನ ಹಬೆ ಕೂತರೆ ಒರೆಸಲು ಬೆರಳು ಹೋಗುವುದಿಲ್ಲ. ಇನ್ನೊಂದು ಎಚ್ಚರಿಕೆ: ತಿಳಿ ಸ್ಮೋಕ್ ವೈಸರ್ ಹಾಕಿ ಒಳಗೆ ಇದನ್ನೂ ಇಳಿಸಬೇಡಿ. ಎರಡೂ ಸೇರಿದರೆ ಕಪ್ಪು ಕೂಡುವುದಿಲ್ಲ, ಗುಣಿಸುತ್ತದೆ. 50 ಶೇಕಡಾದ ಹಿಂದೆ 20 ಶೇಕಡಾ ಇಟ್ಟರೆ ಕಣ್ಣಿಗೆ ಬರುವುದು 10. ಬೇರೆ ಬೇರೆಯಾಗಿ ಎರಡೂ ಸರಿ ಇದ್ದರೂ ಒಟ್ಟಿಗೆ ಕಡು ಕಪ್ಪು ವೈಸರ್‌ಗಿಂತ ಕೆಟ್ಟದ್ದು.

ಹಗಲು ಮಾತ್ರ ಓಡಿಸಿ ಕತ್ತಲಾಗುವ ಮೊದಲು ಮನೆ ಸೇರುವವರಾದರೆ ತಿಳಿ ಸ್ಮೋಕ್ ಕಡಿಮೆ ಖರ್ಚಿನಲ್ಲಿ ಮುಗಿಯುವ ದಾರಿ, ಕಣ್ಣು ಮುಚ್ಚಿ ಕೊಳ್ಳಬಹುದು. ದೂರದ ತೆರೆದ ಹೆದ್ದಾರಿಯಲ್ಲಿ, ಸುರಂಗ ಇಲ್ಲದ ಕಡೆ, ಬೆಳಗ್ಗೆಯಿಂದ ರಾತ್ರಿವರೆಗೆ ಓಡಿಸುವವರು ಫೋಟೋಕ್ರೋಮಿಕ್ ಬಗ್ಗೆ ಯೋಚಿಸಲಿ. ನನ್ನ ದಾರಿಗೆ, ನೆರಳು ಬಿಸಿಲು ಹತ್ತು ಸಲ ಬದಲಾಗುವ ರಸ್ತೆಗೆ, ಸನ್‌ಶೀಲ್ಡ್ ಬಿಟ್ಟು ಬೇರೆ ಯಾವುದೂ ಸರಿಹೋಗಲಿಲ್ಲ. ಆ ಕಡು ಕಪ್ಪು ವೈಸರನ್ನು ಕೇಳಿದವರಿಗೆ ಕೊಡಲಿಲ್ಲ, ಕತ್ತರಿಸಿ ಎಸೆದೆ. ನಿನ್ನೆ ಅದೇ ಮರಗಳ ಕೆಳಗೆ ಸನ್‌ಶೀಲ್ಡ್ ಏರಿಸಿಕೊಂಡು ಬರುವಾಗ ಆ ಗುಂಡಿ ದೂರದಿಂದಲೇ ಕಂಡಿತು. ಇನ್ನೂ ಯಾರೂ ಮುಚ್ಚಿಲ್ಲ, ಸ್ವಲ್ಪ ದೊಡ್ಡದೂ ಆಗಿದೆ.